ಒಂದು ಸಲ ಕೇಳಬಹುದಿತ್ತಲ್ಲ, ಐಲಿ...

"ನೀನಾ?!"

ವ್ಯಾನಿನ ಹಿಂಬಾಗಿಲಿಂದ ಹಿಮದ ಮೇಲೆ ನಡೆಯುವ ಅಗಲ ಮೆಟ್ಟುಗಳನ್ನು ಇಳಿಸುತ್ತಿದ್ದವನು ತಿರುಗಿ ನೋಡಿದ. ಹುಬ್ಬಿನ ಮೇಲೆಲ್ಲ ಹಿಮ ಕಟ್ಟಿದ್ದರೂ ಆ ಕಣ್ಣುಗಳನ್ನು ಐಲಿ ಎಲ್ಲಿದ್ದರೂ ಗುರುತಿಸುತ್ತಿದ್ದಳು. ಆ ಕಣ್ಣು ಎದುರಾಗಬಾರದೆಂದೇ ಎರಡು ವರ್ಷದಿಂದ ಅಂಗಡಿಗೆ ಹೋಗುವ ಹೊತ್ತನ್ನೂ ಬದಲಿಸಿಕೊಂಡಿದ್ದಳು.

ಯಾಲ್ಮರಿ!

"ಆಫೀಸಿಂದ ಕೈಸು ಕಳಿಸಿದ್ಲು. ನಿನ್ನ ಜೊತೆ ಬರೋ ಹುಡುಗಿಗೆ ಜ್ವರ ಅಂತೆ," ಅವನು ಮೆಲ್ಲಗೆ ಅಂದ.

"ಊರಲ್ಲಿ ಬೇರೆ ಯಾರೂ ಸಿಗಲಿಲ್ವಾ ಅವಳಿಗೆ?"

"ಎಲ್ರೂ ಸಾರಂಗದ ಬೇಲಿ ಹತ್ರ ಇದಾರೆ. ನನ್ನನ್ನ ಅಲ್ಲಿಗೆ ಯಾರೂ ಕರೆಯಲ್ವಲ್ಲ, ಅದಕ್ಕೆ ಖಾಲಿ ಇದ್ದೆ."

"ಮರ ಕಡಿಯೋನಿಗೆ ನನ್ನ ಕಾಡಲ್ಲಿ ಏನು ಕೆಲಸ?"

"ಬೆಂಕಿ ಹಾಕೋದು, ಕಾಫಿ ಕಾಯಿಸೋದು. ಬೈಸಿಕೊಳ್ಳೋದೂ ಸೇರಿದೆ ಅಂತ ಕೈಸು ಹೇಳಿರಲಿಲ್ಲ!"

ಮೊದಲಾಗಿದ್ದರೆ ಐಲಿ ನಕ್ಕುಬಿಡುತ್ತಿದ್ದಳು. ಈಗ ಮುಖ ತಿರುಗಿಸಿ, ಕಾಡಿನ ಫೋಟೋ ತೆಗೆಯಲು ಬಂದು, ಕ್ಯಾಮೆರಾ ಹೊತ್ತು ನಿಂತಿದ್ದ ಆರು ಮಂದಿ ಅತಿಥಿಗಳ ಕಡೆ ನಡೆದಳು. ಬ್ಯಾಟರಿಗಳನ್ನು ಅಂಗಿಯೊಳಗೆ, ಮೈಗೆ ತಾಗಿಸಿ ಇಟ್ಟುಕೊಳ್ಳಲು ಹೇಳಿದಳು. ಕ್ಯಾಮೆರಾದ ಮೇಲೆ ಉಸಿರು ಬಿಡಬೇಡಿ, ಬೆರಳು ಜುಮ್ಮೆಂದರೆ ಆ ಕ್ಷಣವೇ ನನಗೆ ಹೇಳಿ ಎಂದಳು. ಸೊನ್ನೆಗಿಂತ ಕೆಳಗೆ ಇಪ್ಪತ್ತೇಳು ಡಿಗ್ರಿ. ಇರುಳೇ ಮುಗಿಯದ ಆ ಚಳಿಗಾಲದಲ್ಲಿ ಸೂರ್ಯ ಮುಖ ತೋರಿಸಲು ಇನ್ನೂ ಹತ್ತು ದಿನವಿತ್ತು. ಹನ್ನೊಂದು ಗಂಟೆಯ ಆಕಾಶ ಆಗಷ್ಟೇ ನೀಲಿಗೆ ತಿರುಗುತ್ತಿತ್ತು.

ಅವಳ ದನಿ ಎಂದಿನಂತೆಯೇ ಇತ್ತು. ಎದೆಯೊಳಗಿನದು ಮಾತ್ರ ಎಂದಿನಂತಿರಲಿಲ್ಲ.

ಉತ್ತರದ ತುದಿಯ ಆ ಪುಟ್ಟ ಊರು ಹಂಗಾಸ್ವಾರಾದಲ್ಲಿ ಇವರಿಬ್ಬರ ಕಥೆ ಗೊತ್ತಿಲ್ಲದವರಿಲ್ಲ. ಎರಡು ವರ್ಷದ ಹಿಂದೆ, ನಡುಬೇಸಿಗೆಯ ಹಬ್ಬಕ್ಕೆ ಇವರ ಮದುವೆ ಎಂದು ನಿಶ್ಚಯವಾಗಿತ್ತು. ಐಲಿ ಸಾರಂಗ ಸಾಕುವ ಔಲಾನ ಒಬ್ಬಳೇ ಮಗಳು. ಯಾಲ್ಮರಿ ಮರ ಕಡಿಯುವ ದೊಡ್ಡ ಯಂತ್ರ ಓಡಿಸುವವನು. ಹಾವು ಮುಂಗುಸಿಗೆ ಗಂಟು ಹಾಕಿದ ಹಾಗಾಯಿತಲ್ಲ ಎಂದು ಊರು ನಕ್ಕಿತ್ತು. ಔಲಾ ಕೂಡ ಮೊದಲು ಗೊಣಗಿ, ಕೊನೆಗೆ ಒಪ್ಪಿಕೊಂಡಿದ್ದ.

ಆ ಚಳಿಗಾಲ ಬೆಟ್ಟದ ಪಕ್ಕದ ಕಾಡಿಗೆ ಕೊಡಲಿ ಬೀಳುವುದಿತ್ತು. ಔಲಾ ಕಾಡು ಕಡಿಸುವ ಕಂಪನಿಯವರ ಜೊತೆ ಜಗಳವಾಡಿ ಒಂದು ತುಂಡನ್ನು ಉಳಿಸಿಕೊಂಡಿದ್ದ. ಮುನ್ನೂರು ವರ್ಷದ ಮರಗಳು ಅವು, ಕೊಂಬೆಕೊಂಬೆಗೂ ಗಡ್ಡದಂತೆ ಕಲ್ಲುಹೂವು ಜೋತಾಡುತ್ತಿತ್ತು. ನೆಲದ ಹಿಮ ಕಲ್ಲಾದ ವರ್ಷ ಮೇವಾಗಿ ಸಾರಂಗಗಳ ಜೀವ ಉಳಿಸುವುದು ಆ ಗಡ್ಡವೇ. ಇದರಾಚೆ ಮುಟ್ಟಬೇಡಿ ಎಂದು ಔಲಾ ತನ್ನ ಕೈಯಾರೆ ಮರದಿಂದ ಮರಕ್ಕೆ ಕಿತ್ತಳೆ ರಿಬ್ಬನ್ ಕಟ್ಟಿ ಬಂದಿದ್ದ. ಯಂತ್ರದ ಪರದೆಯ ನಕ್ಷೆ ಹತ್ತಿಪ್ಪತ್ತು ಗಜ ಆಚೀಚೆ ಆಗುತ್ತದೆ, ಕೊನೆಯ ಮಾತು ರಿಬ್ಬನ್ನಿನದು.

ಯಾಲ್ಮರಿಯ ಯಂತ್ರ ಆ ಗಡಿ ದಾಟಿತು. ಒಂದೇ ಬೆಳಗಿನಲ್ಲಿ ನಲವತ್ತಕ್ಕೂ ಹೆಚ್ಚು ಮರ!

ಮರುದಿನ ಊರಿನ ಸಭೆಯಲ್ಲಿ ಐಲಿ ಎದ್ದು ನಿಂತು, ಎಲ್ಲರೆದುರು ಅವನಿಗೆ ಬೆರಳು ತೋರಿಸಿದ್ದಳು. "ರಿಬ್ಬನ್ ಕಂಡೂ ಕಡಿದಿದಾನೆ ಇವನು! ಬೇಗ ಕೆಲಸ ಮುಗಿಸೋ ಆಸೆಗೆ ನಮ್ಮಪ್ಪನ ಹೊಟ್ಟೆ ಮೇಲೆ ಹೊಡೆದಿದಾನೆ!" ಅವನು ಒಂದು ಮಾತೂ ಆಡಲಿಲ್ಲ. ತಪ್ಪಿಲ್ಲದಿದ್ದರೆ ಬಾಯಿ ಇರುತ್ತಿತ್ತಲ್ಲ ಎಂದಿತು ಊರು. ಅವನ ಕೆಲಸ ಹೋಯಿತು, ಮದುವೆ ಮುರಿಯಿತು. ಕಾಫಿ ಅಂಗಡಿಯಲ್ಲಿ ಇಂದಿಗೂ ಅವನ ಪಕ್ಕದ ಕುರ್ಚಿ ಖಾಲಿಯೇ ಇರುತ್ತದೆ.

ಸಾಲು ಹೊರಟಿತು. ಮುಂದೆ ಐಲಿ, ಕೊನೆಯಲ್ಲಿ ಯಾಲ್ಮರಿ. ನಡುವೆ ಆರು ಜನ ಇದ್ದರೂ ಅವನ ಮೆಟ್ಟಿನ ಸದ್ದನ್ನು ಅವಳ ಕಿವಿ ಬೇರೆಯಾಗಿಯೇ ಕೇಳುತ್ತಿತ್ತು.

'ಕೇಳಬೇಡ! ನಿನಗೇನಾಗಬೇಕು ಅವನು?'

ಕಿವಿ ಅವಳ ಮಾತು ಕೇಳಿದರೆ ತಾನೇ?

ಹಿಮ ಹೊತ್ತು ಬಾಗಿದ ಮರಗಳ ನಡುವೆ ಕ್ಯಾಮೆರಾಗಳು ಕ್ಲಿಕ್ಕೆಂದವು. ಅತಿಥಿಗಳಲ್ಲಿ ಬೊಡಿಲ್ ಎಂಬ ಡೆನ್ಮಾರ್ಕಿನ ಅಜ್ಜಿ ಒಬ್ಬರಿದ್ದರು. ನಿವೃತ್ತ ಸೂಲಗಿತ್ತಿ, ಎರಡು ವರ್ಷದ ಹಿಂದೆಯೂ ಬಂದಿದ್ದವರು. ಅವರ ಬಾಯಿಗೆ ಚಳಿಯೂ ಹೆದರುತ್ತಿತ್ತು.

"ಐಲಿ ಮಗಳೇ, ಆ ಹುಡುಗ ಅವನೇ ಅಲ್ವಾ? ಅವತ್ತು ನಿನ್ನ ಕರ್ಕೊಂಡು ಹೋಗೋಕೆ ಬಂದು ನಮಗೆಲ್ಲ ಕಾಫಿ ಮಾಡಿಕೊಟ್ಟೋನು? ಮಕ್ಕಳೆಷ್ಟು ಈಗ?"

ಐಲಿ ಹೆಜ್ಜೆ ಚುರುಕು ಮಾಡಿದಳು. "ನಾವು ಮದುವೆ ಆಗಲಿಲ್ಲ."

"ಅಯ್ಯೋ! ಯಾಕೆ? ಅಷ್ಟು ಚಂದ ಕಾಫಿ ಮಾಡೋನು ಸಿಗ್ತಾನಾ?"

"ಬೊಡಿಲ್, ಮುಂದೆ ಇಳಿಜಾರಿದೆ, ಕಾಲು ನೋಡ್ಕೊಳ್ಳಿ!"

ಒಂದೂವರೆ ತಾಸು ನಡೆದ ಮೇಲೆ ಮರದ ತಂಗುದಾಣ ಬಂತು. ಯಾಲ್ಮರಿ ಒಣ ಪೈನಿನ ಚಕ್ಕೆ ಎಬ್ಬಿಸಿ ಬೆಂಕಿ ಮಾಡಿದ. ಮಸಿಗಟ್ಟಿದ ಕೆಟಲಿನಲ್ಲಿ ಕಾಫಿ ಕುದಿಯಿತು. ಅಲ್ಲಿನ ರೂಢಿಯಂತೆ ಮರದ ಬಟ್ಟಲುಗಳಿಗೆ ಗಿಣ್ಣಿನ ತುಂಡು ಹಾಕಿ, ಮೇಲೆ ಕಾಫಿ ಸುರಿದು ಎಲ್ಲರಿಗೂ ಕೊಟ್ಟ. ಐಲಿಯ ಬಟ್ಟಲಿಗೆ ಎರಡು ತುಂಡು ಬಿದ್ದಿತ್ತು. ಅವಳಿಗೆ ಎರಡು ಬೇಕೆಂಬುದನ್ನು ಅವನು ಮರೆತಿರಲಿಲ್ಲ!

ಅವಳಿಗೆ ಅಳು ಬಂದಂತಾಯಿತು. ಅದಕ್ಕೂ ಅವಳಿಗೆ ಸಿಟ್ಟು ಬಂತು.

"ಎಲ್ರೂ ಇಲ್ಲಿ ನೋಡಿ!" ಬೊಡಿಲ್ ಚೀಲದಿಂದ ಒಂದು ಪುಟ್ಟ ಆಲ್ಬಮ್ ತೆಗೆದರು. "ಹೋದ ಸಲದ ಫೋಟೋ. ಐಲಿ ಎಷ್ಟು ಒಳ್ಳೆ ಮಾರ್ಗದರ್ಶಿ ಅಂತ ತೋರಿಸ್ತೀನಿ. ಇದು ಮೊದಲು ತೆಗೆದಿದ್ದು. ಎಂಥ ಚಂದದ ಕಾಡು, ಆದ್ರೆ ಮರದ ತುಂಬಾ ಈ ದರಿದ್ರ ಕಿತ್ತಳೆ ರಿಬ್ಬನ್! ನಾನು ಗೊಣಗಿದೆ. ಈ ಪುಣ್ಯಾತ್ಗಿತ್ತಿ ಹೋಗಿ ಒಂದೊಂದೇ ಬಿಚ್ಚಿದ್ಲು ನೋಡಿ. ಆಮೇಲಿನ ಫೋಟೋ ಇದು. ಎಷ್ಟು ಶುಭ್ರ!"

ಐಲಿ ಬಗ್ಗಿ ನೋಡಿದಳು.

ಅವಳೇ! ಕೆಂಪು ಟೋಪಿ ಹಾಕಿದ, ನಗುತ್ತಿರುವ ಐಲಿ. ಒಂದು ಕೈ ಮರದ ಕೊರಳಲ್ಲಿ, ಇನ್ನೊಂದು ಕೈ ಕೋಟಿನ ಜೇಬಿನಲ್ಲಿ. ಅದು ಅಪ್ಪನ ಕಾಡು. ಆ ಕವಲೊಡೆದ ಪೈನನ್ನು ಅವಳು ಚಿಕ್ಕಂದಿನಿಂದ ಬಲ್ಲಳು.

ಎಲ್ಲ ಮಾರ್ಗದರ್ಶಿಗಳೂ ಮಾಡುವ ಕೆಲಸವೇ ಅದು. ಚಿತ್ರಕ್ಕೆ ಅಡ್ಡ ಬಂದದ್ದನ್ನು ಬಿಚ್ಚಿ ಜೇಬಿಗೆ ಹಾಕು, ಚಿತ್ರ ಮುಗಿದ ಮೇಲೆ ಮತ್ತೆ ಕಟ್ಟು. ನೂರು ಸಲ ಮಾಡಿದ್ದಳು, ನೂರು ಸಲವೂ ಕಟ್ಟಿದ್ದಳು. ಕೈಗೆ ಎಷ್ಟು ರೂಢಿಯಾಗಿತ್ತೆಂದರೆ ಮನಸ್ಸು ಅದರ ಲೆಕ್ಕವನ್ನೇ ಇಡುತ್ತಿರಲಿಲ್ಲ.

"ಮತ್ತೆ... ಕಟ್ಟಿದ್ನಾ ನಾನು?" ಅವಳು ಆಲ್ಬಮ್ಮಿನ ಮುಂದಿನ ಪುಟ ಮಗುಚಿದಳು. "ಬೊಡಿಲ್, ಆಮೇಲೆ ಕಟ್ಟಿದ್ನಾ?"

"ಎಲ್ಲಿ ಕಟ್ತೀಯ? ಅಷ್ಟರಲ್ಲಿ ನನ್ನ ಬೆರಳು ಮೇಣದ ಹಾಗೆ ಬಿಳಿಚಿಕೊಂಡ್ವಲ್ಲ! ನೀನು ಗಾಬರಿಯಾಗಿ ನಮ್ಮನ್ನೆಲ್ಲ ಓಡಿಸಿಕೊಂಡು ಬಂದೆ. ದಾರಿಯುದ್ದಕ್ಕೂ ನನ್ನ ಕೈ ನಿನ್ನ ಕಂಕುಳಲ್ಲಿತ್ತು. ಈ ಹತ್ತು ಬೆರಳು ನೀನು ಕೊಟ್ಟಿದ್ದು ಕಣಮ್ಮ!"

ಆ ಸಂಜೆಯೇ ಹಿಮ ಶುರುವಾಗಿತ್ತು. ಮೂರು ದಿನ ಬಿಡದೆ ಸುರಿದು ಹೆಜ್ಜೆಗುರುತನ್ನೆಲ್ಲ ಮುಚ್ಚಿತ್ತು. ನಾಲ್ಕನೆಯ ಬೆಳಿಗ್ಗೆ ಯಾಲ್ಮರಿಯ ಯಂತ್ರ ಬಂದಿತ್ತು.

ಐಲಿ ಆಲ್ಬಮ್ಮನ್ನು ಮುಚ್ಚಿದಳು. ತಲೆಯೆತ್ತಿದಾಗ ಬೆಂಕಿಯಾಚೆ ಯಾಲ್ಮರಿ ಅವಳನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಆಶ್ಚರ್ಯವೇ ಇರಲಿಲ್ಲ.

ಅವಳು ಎದ್ದು ಸೌದೆ ರಾಶಿಯ ಹಿಂದೆ ಹೋದಳು. ಅವನೂ ಬಂದ.

"ನಿನಗೆ ಗೊತ್ತಿತ್ತಾ?"

"ಹೂಂ."

"ಯಾವಾಗಿಂದ?!"

"ಮರ ಬಿದ್ದ ಮಾರನೇ ದಿನದಿಂದ. ನಿಮ್ಮ ಮನೆಗೆ ಬಂದಿದ್ದೆ, ನೀನಿರಲಿಲ್ಲ. ಬಾಗಿಲ ಹಿಂದೆ ನಿನ್ನ ಕೋಟು ನೇತಾಡ್ತಿತ್ತು. ಜೇಬಿಂದ ಕಿತ್ತಳೆ ಬಣ್ಣ ಇಣುಕ್ತಿತ್ತು. ಹೊರಗೆಳೆದು ನೋಡಿದ್ರೆ ಏಳು ತುಂಡು, ಎಲ್ಲದರಲ್ಲೂ ನಿಮ್ಮಪ್ಪ ಹಾಕಿದ ಗಂಟಿನ ಗುರುತು."

"ಏನು ಮಾಡಿದೆ ಅದನ್ನ?"

"ನಿಮ್ಮನೆ ಒಲೆಗೇ ಹಾಕಿದೆ."

ಐಲಿ ಮರಕ್ಕೆ ಒರಗಿದಳು. ಕೊಂಬೆಯ ಹಿಮ ಕುಸಿದು ಹೆಗಲ ಮೇಲೆ ಬಿತ್ತು. ಅವಳು ಕೊಡವಿಕೊಳ್ಳಲಿಲ್ಲ.

"ನನ್ನ ಉಳಿಸೋಕೆ ಎರಡು ವರ್ಷ ಬಾಯಿ ಮುಚ್ಕೊಂಡಿದ್ಯಾ? ಯಾರು ಕೇಳಿದ್ರು ನಿನ್ನ? ನನ್ನ ತಪ್ಪನ್ನ ನಾನು ಹೊರಬಾರದಾ? ಎರಡು ವರ್ಷ ನಾನು ಸುಳ್ಳಿನ ಮೇಲೆ ತಲೆ ಎತ್ತಿಕೊಂಡು ಓಡಾಡಿದೀನಿ ಯಾಲ್ಮರಿ!"

"ನಿನ್ನ ಉಳಿಸೋಕೆ ಸುಮ್ಮನಿದ್ದಿದ್ದು ಒಂದೇ ದಿನ." ಅವನ ದನಿ ಮೊದಲ ಬಾರಿಗೆ ಗಡುಸಾಯಿತು. "ನಿನಗೊಬ್ಬಳಿಗೇ ಹೇಳೋಣ ಅಂತ ಆವತ್ತು ಸಂಜೆ ಸಭೆಗೆ ಬಂದೆ. ನೀನು ಎದ್ದು ನಿಂತೆ. ರಿಬ್ಬನ್ ಕಂಡೂ ಕಡಿದ ಅಂದೆ. ನಾನು! ನಿನ್ನ ಮದುವೆ ಆಗೋನು! ಏನಾಯ್ತು ಅಂತ ಒಂದು ಸಲ ಕೇಳಬಹುದಿತ್ತಲ್ಲ, ಐಲಿ... ಒಂದೇ ಒಂದು ಸಲ. ನೀನು ಕೇಳಲಿಲ್ಲ. ಅಲ್ಲಿಂದಾಚೆ ಸುಮ್ಮನಿದ್ದಿದ್ದು ಪ್ರೀತಿಗಲ್ಲ. ಸಿಟ್ಟಿಗೆ. ಎಂದಾದ್ರೂ ಕೇಳ್ತಾಳೇನೋ ನೋಡೋಣ ಅಂತ ಹಟ ಹಿಡಿದೆ. ಹಟದಲ್ಲೇ ಎರಡು ವರ್ಷ ಹೋಯ್ತು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅವಳು ಆಡಿದ್ದು ಒಂದು ಮಾತಲ್ಲ, ಒಬ್ಬ ಮನುಷ್ಯನ ಮರ್ಯಾದೆಯನ್ನೇ ಒಡೆದುಹಾಕುವಷ್ಟು ಮಾತು. ಆ ಎರಡು ವರ್ಷ ಅವನು ಒಬ್ಬನೇ ಕಾಫಿ ಕುಡಿದದ್ದು, ಪಕ್ಕದ ಆ ಖಾಲಿ ಕುರ್ಚಿ ಅವಳ ಕಣ್ಣ ಮುಂದೆ ಬಂತು.

"ಕ್ಷಮಿಸು ಅಂತ ಕೇಳೋಕೂ ನನಗೆ ಮುಖ ಇಲ್ಲ," ಎಂದಳು.

"ಇವತ್ತು ಕೇಳಬೇಡ. ಹೂಂ ಅನ್ನೋಕೆ ನನಗೂ ಆಗಲ್ಲ." ಅವನು ಒಂದು ತೋಳು ಸೌದೆ ಎತ್ತಿಕೊಂಡ. "ನಡಿ, ಅವರ ಬೆರಳು ನೋಡು. ಚಳಿ ಏರ್ತಿದೆ."

ಅವಳು ಕಣ್ಣೊರೆಸಿಕೊಂಡು ಹೋಗಿ ಆರೂ ಜನರ ಬೆರಳನ್ನು ಒಂದೊಂದಾಗಿ ಒತ್ತಿ ನೋಡಿದಳು.

ವಾಪಸು ಬರುವಾಗ ವ್ಯಾನು ಸಾರಂಗದ ಬೇಲಿಯ ಬಳಿ ನಿಲ್ಲುವುದು ಮೊದಲೇ ಗೊತ್ತಾಗಿತ್ತು. ಆ ಚಳಿಗಾಲದ ಕೊನೆಯ ಸಾರಂಗ ವಿಂಗಡಣೆ. ನೂರಾರು ಸಾರಂಗಗಳು ದುಂಡಗಿನ ಬೇಲಿಯೊಳಗೆ ಸುತ್ತು ಹಾಕುತ್ತಿದ್ದವು. ಜನ ಕಿವಿಯ ಗುರುತು ನೋಡಿ, ಹಗ್ಗ ಬೀಸಿ, ತಮ್ಮ ತಮ್ಮವನ್ನು ಎಳೆದುಕೊಳ್ಳುತ್ತಿದ್ದರು. ಅತಿಥಿಗಳು ಕ್ಯಾಮೆರಾ ಹಿಡಿದು ಇಳಿದರು. ಯಾಲ್ಮರಿ ಮಾತ್ರ ವ್ಯಾನಿಗೆ ಒರಗಿ ದೂರವೇ ನಿಂತ. ಆ ಬೇಲಿಯೊಳಗೆ ಹೊರಗಿನವರಿಗೆ ಕೆಲಸವಿಲ್ಲ, ಅವನನ್ನಂತೂ ಯಾರೂ ಹತ್ತಿರ ಸೇರಿಸುತ್ತಿರಲಿಲ್ಲ.

'ನಾಳೆ ಹೇಳಿದರಾಯಿತು. ಅಪ್ಪನಿಗೊಬ್ಬನಿಗೇ, ಮನೆಯಲ್ಲಿ...' ಎಂದಿತು ಐಲಿಯ ಮನಸ್ಸು.

ಛೀ! ಅವನ ಮಾನ ಕಳೆದದ್ದು ಮನೆಯೊಳಗೇನು?

ಅವಳು ಬೇಲಿ ಹತ್ತಿ ಒಳಕ್ಕೆ ಹಾರಿದಳು.

"ಅಪ್ಪಾ! ಎಲ್ರೂ ಒಂದು ನಿಮಿಷ ನಿಲ್ಲಿ!"

"ಏನೇ ಇದು? ಸಾರಂಗ ಬೆದರ್ತವೆ! ಗಂಟಲು ತಗ್ಗಿಸು!" ಔಲಾ ಗದರಿದ.

"ಕಾಡಿನ ಗಡಿ ರಿಬ್ಬನ್ ಬಿಚ್ಚಿದ್ದು ನಾನು! ಚಿತ್ರ ಚಂದ ಬರಲಿ ಅಂತ ಬಿಚ್ಚಿ ಜೇಬಿಗೆ ಹಾಕ್ಕೊಂಡೆ. ಮತ್ತೆ ಕಟ್ಟೋಕೆ ಮರೆತೆ. ಅದು ನನಗೆ ಇವತ್ತು ಗೊತ್ತಾಯ್ತು. ಯಾಲ್ಮರಿಗೆ ಅಲ್ಲಿ ಗಡಿ ಕಾಣಲೇ ಇಲ್ಲ. ಸಭೇಲಿ ನಾನು ಹೇಳಿದ್ದೆಲ್ಲ ಸುಳ್ಳು. ನೀವು ಎರಡು ವರ್ಷ ಮಾತು ಬಿಡಬೇಕಾಗಿದ್ದು ನನ್ನ ಜೊತೆ!"

ಹಗ್ಗಗಳು ಕೆಳಗಿಳಿದವು. ನಡೆಯುವಾಗ ಸಾರಂಗಗಳ ಕಾಲಿನ ನರ ಹೊರಡಿಸುವ ಟಿಕ್ ಟಿಕ್ ಸದ್ದು ಈಗ ಕೇಳಿಸಿತು.

ಔಲಾ ಮಗಳನ್ನು ನೋಡಿದ. ಕೈಯ ಹಗ್ಗವನ್ನು ಸುತ್ತಿ ಹೆಗಲಿಗೆ ಹಾಕಿಕೊಂಡ.

"ಆ ಮರ ನನ್ನ ಮೊಮ್ಮಕ್ಕಳ ಕಾಲಕ್ಕೂ ಬರಲ್ಲ ಕಣೇ," ಎಂದ.

"ಗೊತ್ತು ಅಪ್ಪ."

"ನಿನ್ನ ಜೊತೆ ಮಾತು ಮನೇಲಿ."

ಅಷ್ಟು ಹೇಳಿ ಅವನು ಬೇಲಿಯ ಅಂಚಿಗೆ ನಡೆದ. ವ್ಯಾನಿನ ಬಳಿ ನಿಂತವನನ್ನು ಕಣ್ಣು ಕಿರಿದು ಮಾಡಿ ದಿಟ್ಟಿಸಿದ. ಹಂಗಾಸ್ವಾರಾದ ಮುದುಕರಿಗೆ ಕ್ಷಮೆ ಕೇಳುವ ಅಭ್ಯಾಸವಿಲ್ಲ. ಅವರ ನಾಲಿಗೆಗೆ ಆ ಪದವೇ ಹೊರಳುವುದಿಲ್ಲ.

"ಏನಯ್ಯಾ, ನೆಂಟನ ಹಾಗೆ ನಿಂತಿದೀಯ? ಬಾ ಇಲ್ಲಿ! ನನ್ನ ಬೇಲಿ ಬಾಗಿಲು ಹಿಡ್ಕೊಳ್ಳೋಕೆ ಜನ ಇಲ್ಲ!"

ಬೇಲಿಯ ಬಾಗಿಲನ್ನು ಮನೆಯವರಲ್ಲದವರ ಕೈಗೆ ಕೊಡುವುದಿಲ್ಲ. ಇದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಯಾಲ್ಮರಿ ಕೈಗವಸು ಸರಿಮಾಡಿಕೊಂಡು ಬಂದು ಬಾಗಿಲು ಹಿಡಿದ. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ತನ್ನ ಫ್ಲಾಸ್ಕಿನ ಕಾಫಿಯನ್ನು ಮಾತಿಲ್ಲದೆ ಅವನತ್ತ ಚಾಚಿದಳು. ಅವನು ಅದನ್ನು ಕೊನೆಯ ಹನಿಯವರೆಗೂ ಕುಡಿದದ್ದನ್ನು ಐಲಿ ನೋಡಿದಳು.

ಅವಳು ಹೋಗಿ ಅದೇ ಬಾಗಿಲಿನ ಇನ್ನೊಂದು ತುದಿ ಹಿಡಿದಳು. ಅವನು ಹೋಗೆನ್ನಲಿಲ್ಲ.

"ನನಗಿನ್ನೂ ಸಿಟ್ಟಿದೆ ಐಲಿ," ಎಂದ, ಸಾರಂಗಗಳ ಕಡೆಗೇ ನೋಡುತ್ತ.

"ಇರಲಿ. ನನಗೂ ಇದೆ."

"ನಿನಗ್ಯಾಕೆ?!"

"ಜೇಬಲ್ಲಿ ರಿಬ್ಬನ್ ಸಿಕ್ಕಿದ ದಿನ ನನ್ನ ಹಿಡಿದು ಅಲ್ಲಾಡಿಸಿ ಹೇಳಬೇಕಿತ್ತು ನೀನು. ನಾನು ಕೇಳಲಿಲ್ಲ, ಸರಿ. ನೀನೂ ಹೇಳಲಿಲ್ಲ."

ಅವನು ಯೋಚಿಸಿದ. "ಅದೂ ಹೌದು."

"ನಿನ್ನ ನೋಡಬಾರದು ಅಂತ ಅಂಗಡಿಗೆ ಬೆಳಗಾಗೆದ್ದು ಹೋಗ್ತಿದ್ದೆ. ಮನೆಗೆ ಬಂದು ಅಳ್ತಿದ್ದೆ. ಕಾಡು ತಿಂದೋನನ್ನ ಇನ್ನೂ ಪ್ರೀತಿಸ್ತೀನಲ್ಲ ಅಂತ ನನ್ನ ಮೇಲೇ ನನಗೆ ಅಸಹ್ಯ ಆಗ್ತಿತ್ತು. ಕಾಡು ತಿಂದೋಳು ನಾನೇ..." ಅವಳು ಬಾಗಿಲನ್ನು ಬಿಗಿಯಾಗಿ ಹಿಡಿದಳು. "ಪ್ರೀತಿ ಮಾತ್ರ ಒಂದು ದಿನವೂ ಹೋಗಲಿಲ್ಲ ಯಾಲ್ಮರಿ."

ಅವನು ಬಾಗಿಲಿನ ಮೇಲಿಂದ ಕೈ ಸರಿಸಿ, ದಪ್ಪ ಕೈಗವಸಿನಲ್ಲೇ ಅವಳ ಕೈಯನ್ನು ಮುಚ್ಚಿದ.

"ಈ ಸಿಟ್ಟು ಬೇಗ ಹೋಗಲ್ಲ, ಈಗಲೇ ಹೇಳ್ತಿದೀನಿ."

"ಎಷ್ಟು ದಿನ ಬೇಕು?"

"ಗೊತ್ತಿಲ್ಲ. ವರ್ಷಗಳೇ ಆಗಬಹುದು."

"ಸರಿ." ಅವಳು ಮೂಗು ಒರೆಸಿಕೊಂಡಳು. "ಬೇರೆ ಬೇರೆ ಮನೇಲಿ ಸಿಟ್ಟು ಮಾಡ್ಕೊಂಡಿದ್ದು ಸಾಕು. ಇನ್ಮೇಲೆ ಒಂದೇ ಮನೇಲಿ ಮಾಡ್ಕೊಳ್ಳೋಣ."

ಯಾಲ್ಮರಿ ಅವಳತ್ತ ತಿರುಗಿದ. ಎರಡು ವರ್ಷದಲ್ಲಿ ಮೊದಲ ಸಲ ಅವನ ಮುಖದಲ್ಲಿ ನಗು ಮೂಡಿತು, ಕಣ್ಣೀರೂ ಜೊತೆಗೇ ಬಂತು.

"ನಡುಬೇಸಿಗೆ ಹಬ್ಬಕ್ಕಾ?" ಅವನು ಕೇಳಿದ.

"ಅಷ್ಟು ದಿನ ಕಾಯ್ತೀಯಾ?" ಅವಳು ಕೇಳಿದಳು.