ಕಳ್ಳನಿಗೂ ಸ್ವಾಗತ ಎಂದ ಅಲಾರಂ

ಏಪ್ರಿಲ್ ಮೂರು, ಗುರುವಾರ. ಬೆಳಿಗ್ಗೆ ಹತ್ತರ ಹೊತ್ತಿಗೆ ಮಲೇಷ್ಯಾದ ಈಪೋ ನಗರದ ಸೆರಿ ಮೆಲೂರ್ ಬಡಾವಣೆಯ ಪೊಲೀಸ್ ಠಾಣೆಗೆ ದೂರು ಬಂತು. ತಂದವರು ಮೂರು-ಎ ನಂಬರಿನ ಮನೆಯ ಯೋ ಸ್ಯೂ ಗೇಕ್, ನಿವೃತ್ತ ಮುಖ್ಯೋಪಾಧ್ಯಾಯಿನಿ. ಇನ್ಸ್‌ಪೆಕ್ಟರ್ ಜುಬೈದಾ ಕುರ್ಚಿಯಿಂದ ಎದ್ದು ನಿಂತಳು. ಆರನೇ ಕ್ಲಾಸಿನಲ್ಲಿ ಇದೇ ಟೀಚರ್ ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ಆ ಅಭ್ಯಾಸ ಕಾಲಿಗೆ ಇನ್ನೂ ಇತ್ತು.

"ಹೋಯ್ತು ಜುಬೈದಾ. ಪಚ್ಚೆ ಬಳೆ, ಚಿನ್ನದ ಸರ. ನಿನ್ನೆ ತಂಗಿ ಮನೆಗೆ ಅಂತ ತೈಪಿಂಗ್‌ಗೆ ಹೋಗಿದ್ದೆ. ಬಂದು ನೋಡಿದ್ರೆ ಬೀರು ಖಾಲಿ."

"ಅಲಾರಂ ಕೂಗ್ಲಿಲ್ವಾ ಟೀಚರ್?"

"ಕೂಗೋದಾ? ಕಳ್ಳ ಹೋಗ್ತಾ ಮತ್ತೆ ಆನ್ ಮಾಡಿ ಹೋಗಿದ್ದಾನೆ! ನಿನ್ನ ಅಲಾರಂಗಿಂತ ಅವನಿಗೇ ಜವಾಬ್ದಾರಿ ಜಾಸ್ತಿ."

ಆ 'ನಿನ್ನ' ಎಂಬ ಮಾತು ಇನ್ಸ್‌ಪೆಕ್ಟರಿಗೆ ಚುಚ್ಚಿತು. ಯಾಕೆಂದರೆ ಅಲಾರಂ ನಿಜಕ್ಕೂ ಅವಳದೇ ಸಲಹೆ. ಜನವರಿಯಲ್ಲಿ ಬಡಾವಣೆಯ ಸಭಾಭವನದಲ್ಲಿ ಮೈಕ್ ಹಿಡಿದು, "ಎಲ್ಲರೂ ಹಾಕಿಸಿಕೊಳ್ಳಿ, ಜವಾಬ್ದಾರಿ ನಂದು" ಎಂದು ಹೇಳಿದವಳು ಅವಳೇ. ಸೈರನ್ ಪೆಟ್ಟಿಗೆಯನ್ನು ಕಪ್ ಗೆದ್ದವಳ ಹಾಗೆ ಎತ್ತಿ ಹಿಡಿದ ಅವಳ ಫೋಟೋ ಇನ್ನೂ ಸಭಾಭವನದ ಗೋಡೆಯ ಮೇಲಿತ್ತು. ಇದು ಆ ಬೀದಿಯ ಮೂರನೇ ಕಳ್ಳತನ. ಮೂರೂ ಕಡೆ ಅಲಾರಂ ಬಾಯಿ ಬಿಟ್ಟಿರಲಿಲ್ಲ. ಬಾಯಿ ಬಿಟ್ಟವರು ಬೀದಿಯವರು ಮಾತ್ರ: "ಮನೆ ಜಾಣ, ಮಾಲೀಕ ಕೋಣ. ಎಲ್ಲಾ ಇನ್ಸ್‌ಪೆಕ್ಟರ್ ದಯೆ!"

ಎಫ್‌ಐಆರ್ ದಾಖಲಿಸಿ, ಕಾರ್ಪೊರಲ್ ಗುಣಶೇಖರನ್‌ನನ್ನು ಕರೆದುಕೊಂಡು ಅವಳು ಸ್ಥಳಕ್ಕೆ ಹೊರಟಳು. ಜೀಪಿನಲ್ಲಿರುವಾಗಲೇ ಜಿಲ್ಲಾ ಕಚೇರಿಯಿಂದ ಫೋನ್ ಬಂತು.

"ಅಲಾರಂ ಹಾಕಿದ ಹುಡುಗಿನ ಇನ್ನೂ ಯಾಕೆ ಹಿಡಿದಿಲ್ಲ? ಗುಟ್ಟು ಗೊತ್ತಿರೋದು ಅವಳೊಬ್ಬಳಿಗೆ. ಸೋಮವಾರದೊಳಗೆ ಒಳಗೆ ಹಾಕಿ. ಇಲ್ಲಾಂದ್ರೆ ಕೇಸನ್ನ ನಾವೇ ತಗೋತೀವಿ."

"ಸರಿ ಸರ್," ಎಂದು ಫೋನ್ ಇಟ್ಟಳು. ಆ ಹುಡುಗಿಯನ್ನು ಬೀದಿಗೆ ಪರಿಚಯಿಸಿದ್ದೂ ಇದೇ ಜುಬೈದಾ.

ಮೂರು-ಎ ಮನೆಯಲ್ಲಿ ಪಂಚನಾಮೆ ನಡೆಯಿತು. ಬಾಗಿಲು ಒಡೆದಿಲ್ಲ, ಕಿಟಕಿ ಮುರಿದಿಲ್ಲ. ಮುಂಬಾಗಿಲ ಕ್ಯಾಮೆರಾದಲ್ಲಿ ಬೆಕ್ಕು ಬಿಟ್ಟರೆ ಯಾರೂ ಇಲ್ಲ. ಕಳ್ಳ ಬಂದದ್ದು ಹಿಂದಿನ ಓಣಿಯಿಂದ, ಅಡುಗೆಮನೆಯ ಬಾಗಿಲಿಗೆ. ದುಡ್ಡು ಉಳಿಸಲು ಅಲ್ಲಿ ಯಾರೂ ಕ್ಯಾಮೆರಾ ಹಾಕಿಸಿರಲಿಲ್ಲ. ಕ್ಯಾಮೆರಾ ಎಲ್ಲ ಮುಂದೆ, ಕಾರುಬಾರೆಲ್ಲ ಹಿಂದೆ.

ಅಷ್ಟರಲ್ಲಿ ಗೇಟಿನ ಬೆಲ್ ಆಯಿತು. ಬೀದಿ ಕೊನೆಯ ಕಾಫಿ ಅಂಗಡಿಯ ಅಂಕಲ್ ಚೋಂಗ್, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಕಾಫಿ ಹಿಡಿದು ನಿಂತಿದ್ದ. ಟೀಚರ್ ಕುರ್ಚಿಯಿಂದ ಏಳದೆ ಬೆಲ್ಲಿಗೆ ಜೋಡಿಸಿದ್ದ ಫೋನಿಗೇ ಹೇಳಿದರು: "ಗೇಟಿಗೆ ಸಿಗಿಸಿ ಹೋಗಪ್ಪಾ." ಕಾಫಿ ಗೇಟಿನಲ್ಲಿ ನೇತಾಡಿತು. ಅಂಕಲ್ ಚೋಂಗ್ ಬೆಲ್ಲಿನ ಗಾಜಿನ ಕಣ್ಣಿಗೆ ತಲೆಬಾಗಿ ಮುಂದಿನ ಮನೆಗೆ ಹೋದ.

ಮಧ್ಯಾಹ್ನ ಆ ಹುಡುಗಿ, ಕಸ್ತೂರಿ, ಠಾಣೆಗೆ ಬಂದಳು. ಅಲಾರಂ ಅಂಗಡಿ ತೆರೆದು ವರ್ಷವಾಗಿರಲಿಲ್ಲ. ಬೀದಿಯವರು ಅವಳ ವ್ಯಾನಿನ ಮೇಲೆ 'ಕಳ್ಳಿ' ಎಂದು ಬರೆದಿದ್ದರು.

"ಗೋಡೆ ಕೊರೆಯದ ವೈರ್‌ಲೆಸ್ಸೇ ಬೇಕು ಅಂದ್ರು, ಕೊಟ್ಟೆ. ವೈಫೈ ಹೋದ್ರೆ ಅಂತ ಒಳಗೆ ಸಿಮ್ ಇಟ್ಟೆ. ಹಲ್ಲಿ ಹರಿದ್ರೂ ಕೂಗತ್ತೆ ಅಂತ ಗೊಣಗಿದ್ರು, ಸೆನ್ಸರ್‌ನ ಗೋಡೆಯಿಂದ ದೂರ ತಿರುಗಿಸಿದೆ. ಇನ್ನೇನು ಮಾಡ್ಲಿ ಮೇಡಂ?"

"ಆಫ್ ಮಾಡಿದ್ದು ಹೇಗೆ?"

ಕಸ್ತೂರಿ ಲ್ಯಾಪ್‌ಟಾಪ್ ತಿರುಗಿಸಿದಳು. "ಮೂರೂ ಮನೇಲಿ ಒಂದೇ ಥರ. ಹಿಂಬಾಗಿಲ ಕೀಲಿಮಣೇಲಿ ನಂಬರ್ ಒತ್ತಿ ಆಫ್ ಮಾಡಿದ್ದಾನೆ. ಬೀಗಕ್ಕೂ ಅಲಾರಂಗೂ ಅದೇ ನಂಬರು. ಮೊದಲ ಸಲಕ್ಕೇ ಸರಿಯಾಗಿ ಒತ್ತಿದ್ದಾನೆ."

"ನಂಬರ್ ನಿಮಗೆ ಗೊತ್ತಾ?"

"ಇಲ್ಲ. ಅವರು ಒತ್ತೋವಾಗ ನಾನು ಗೋಡೆ ಕಡೆ ತಿರುಗಿ ನಿಲ್ತೀನಿ. ಆರು ಅಂಕಿ ಇಡಿ ಅಂತ ನಾನೂ ಹೇಳ್ದೆ, ನೀವೂ ಹೇಳಿದ್ರಿ. ನಾಲ್ಕೇ ಸಾಕು ಅಂತ ಸಭೆ ಪೂರಾ ಕಿರುಚಿದ್ದು ನೆನಪಿದ್ಯಲ್ಲ?"

ನೆನಪಿತ್ತು. ನಾಲ್ಕು ಅಪಶಕುನ ಎಂದು ಮನೆಯ ನಂಬರನ್ನೇ ಮೂರು-ಎ ಮಾಡಿಕೊಂಡ ಬೀದಿ, ನಾಲ್ಕಂಕಿಗಾಗಿ ಬೆಂಚು ಕುಟ್ಟಿತ್ತು.

ಸಂಜೆ ಜುಬೈದಾ ಕಳ್ಳತನವಾದ ಮೂರೂ ಮನೆಯವರನ್ನು ಬೇರೆ ಬೇರೆಯಾಗಿ ವಿಚಾರಿಸಿದಳು. ನಂಬರ್ ಯಾರಿಗಾದರೂ ಹೇಳಿದ್ದೀರಾ? ಇಲ್ಲ. ಬರೆದಿಟ್ಟಿದ್ದೀರಾ? ಇಲ್ಲ. ಹುಟ್ಟಿದ ದಿನಾಂಕವಾ? ಅಲ್ಲ. ಹಾಗಾದರೆ ಯಾವ ನಂಬರ್? ಇಲ್ಲಿಗೆ ಬಂದೊಡನೆ ಮೂವರೂ ಮದುವೆ ಹುಡುಗಿಯ ಹಾಗೆ ನಾಚಿದರು. "ಸುಮ್ನೆ... ಹಾಗೇ ಹೊಳೀತು," ಎಂದರು ಟೀಚರ್, ಫ್ಯಾನ್ ನೋಡುತ್ತ. ಸುಳ್ಳು ಹೇಳಿದರೆ ಬೆಂಚು ಹತ್ತಿಸುತ್ತಿದ್ದ ಟೀಚರ್!

ಇನ್ನೊಂದು ಸಂಗತಿಯೂ ಅವಳನ್ನು ಕಾಡುತ್ತಿತ್ತು. ಪಕ್ಕದ ಮನೆಯ ಹಾಜಿ ರಮ್ಲಿ ರಂಜಾನ್ ಹಬ್ಬಕ್ಕೆ ಊರಿಗೆ ಹೋಗಿ ಒಂದು ವಾರ ಮನೆ ಖಾಲಿ ಬಿಟ್ಟಿದ್ದರು. ಅದೇ ಅಲಾರಂ, ಅದೇ ಓಣಿ. ಕಳ್ಳ ಅತ್ತ ತಿರುಗಿಯೂ ನೋಡಿರಲಿಲ್ಲ.

ವಾಪಸ್ ಬರುವಾಗ ಅವಳ ಫೋನಿನ ಚಾರ್ಜ್ ಮುಗಿದಿತ್ತು. "ಗುಣಾ, ನಿಮ್ಮ ಫೋನ್ ಕೊಡಿ. ಲಾಕ್ ನಂಬರ್ ಎಷ್ಟು?"

"ನಾನೇ ತೆಗೆದು ಕೊಡ್ತೀನಿ ಮೇಡಂ."

"ನಂಬರ್ ಹೇಳ್ರೀ."

"ಹೇಳೋ ಹಾಗಿಲ್ಲ ಮೇಡಂ. ಹೇಳಿದ್ರೆ ಬೀಳಲ್ಲ."

"ಏನು ಬೀಳಲ್ಲ?"

ಗುಣಾ ಟೋಪಿ ತೆಗೆದು ತಲೆ ಕೆರೆದ. "ಲಾಟರಿ."

ಜುಬೈದಾ ಜೀಪನ್ನು ರಸ್ತೆ ಪಕ್ಕಕ್ಕೆ ಹಾಕಿ ನಿಲ್ಲಿಸಿದಳು. ನಾಲ್ಕಂಕಿ ಲಾಟರಿ! ತಮಗಿಷ್ಟದ ನಂಬರಿಗೆ ದುಡ್ಡು ಕಟ್ಟಿ ಊರೆಲ್ಲ ವಾರಕ್ಕೆ ಮೂರು ಸಲ ಆಡುವ ಆಟ. ಅವಳ ಧರ್ಮದಲ್ಲಿ ಅದು ನಿಷಿದ್ಧ. ಹಾಗಾಗಿ ಅವಳ ತಲೆಗೆ ಅದು ಬಂದಿರಲೇ ಇಲ್ಲ. ಹಾಜಿ ರಮ್ಲಿ ಕೂಡ ಆಡುವವರಲ್ಲ!

ಜೀಪು ತಿರುಗಿ ಮೂರು-ಎ ಮನೆಗೇ ಬಂತು.

"ಟೀಚರ್, ನಿಮ್ಮ ಅಲಾರಂ ನಂಬರು ನಿಮ್ಮ ಲಾಟರಿ ನಂಬರು. ಹೌದೋ ಅಲ್ವೋ?"

ಟೀಚರ್ ಮುಖ ಕೆಂಪಗಾಯಿತು. "ಯಜಮಾನ್ರ ಹಳೇ ಕಾರಿನ ನಂಬರು ಕಣೆ. ಮೂವತ್ತು ವರ್ಷದಿಂದ ಅದಕ್ಕೇ ಕಟ್ತಿದ್ದೀನಿ. ಬೇರೆ ಯಾವ ನಂಬರೂ ನಂಗೆ ನೆನಪಿರಲ್ಲ. ಆದ್ರೆ ಯಾರಿಗೂ ಹೇಳಿಲ್ಲ. ಹೇಳಿದ್ರೆ ಅದೃಷ್ಟ ಹೋಗತ್ತೆ."

"ಲಾಟರಿ ಅಂಗಡಿಯವನಿಗೆ?"

"ನಾನೆಲ್ಲಿ ಅಂಗಡಿಗೆ ಹೋಗ್ತೀನಿ? ಹೆಡ್‌ಮಿಸ್ ಆಗಿದ್ದವಳು ಆ ಕ್ಯೂನಲ್ಲಿ ನಿಲ್ಲಕ್ಕಾಗತ್ತಾ?"

"ಮತ್ತೆ ಯಾರು ಹೋಗ್ತಾರೆ?"

ಟೀಚರ್ ಗೇಟಿನ ಕಡೆ ನೋಡಿದರು. ಬೆಳಿಗ್ಗೆ ಕಾಫಿ ಕಟ್ಟಿದ್ದ ದಾರ ಇನ್ನೂ ಅಲ್ಲೇ ಇತ್ತು.

"ಬೀದಿಯವರೆಲ್ಲರದೂ ಅವನೇ ತರ್ತಾನೆ," ಎಂದರು ಮೆಲ್ಲಗೆ. "ಚೋಂಗ್."

ಊಹೆಯನ್ನು ನ್ಯಾಯಾಲಯ ಒಪ್ಪುವುದಿಲ್ಲ, ಸಾಕ್ಷಿ ಬೇಕು. ಮರುದಿನ ಬೆಳಗಾಗುತ್ತಲೇ ಜುಬೈದಾ ಕಸ್ತೂರಿಯನ್ನು ಕರೆಸಿ ಕೇಳಿದಳು: "ನಂಬರ್ ಒತ್ತಿದ್ರೆ ಬಾಗಿಲು ತೆಗೀಬೇಕು, ನಮಗೂ ಗೊತ್ತಾಗ್ಬೇಕು, ಒತ್ತಿದವನಿಗೆ ಮಾತ್ರ ಗೊತ್ತಾಗ್ಬಾರ್ದು. ಆಗತ್ತಾ?"

ಕಸ್ತೂರಿಯ ಮುಖ ಎರಡು ವಾರದಲ್ಲಿ ಮೊದಲ ಸಲ ಅರಳಿತು. "ಅದಕ್ಕಂತಲೇ ಇದೆ ಮೇಡಂ. ಕತ್ತಿಗೆ ಚಾಕು ಇಟ್ಟು ನಂಬರ್ ಕೇಳಿದ್ರೆ ಕೊಡೋಕೆ ಎರಡನೇ ನಂಬರು. ಅಲಾರಂ ಸುಮ್ಮನಾದ ಹಾಗೆ ನಾಟಕ ಆಡತ್ತೆ, ಒಳಗಿಂದ ನಿಮ್ಮ ಫೋನಿಗೆ ಸುದ್ದಿ ಕಳಿಸತ್ತೆ. ಫ್ರೀಯಾಗಿ ಕೊಟ್ಟಿದ್ದೆ. ಈ ಬೀದೀಲಿ ಒಬ್ಬರೂ ಬೇಕು ಅನ್ನಲಿಲ್ಲ."

ಕಸ್ತೂರಿ ಮೂರು-ಎ ಮನೆಯ ಹಳೇ ನಂಬರ್ ಅಳಿಸಿ, ಹೊಸದೊಂದನ್ನು ಆ ಎರಡನೇ ನಂಬರಾಗಿ ಕೂರಿಸಿದಳು. ಟೀಚರಿಗೆ ಪಾಠ ಹೇಳಿಕೊಡುವ ಯೋಗ ಶಿಷ್ಯೆಗೆ ಬಂತು. ಅಂದೇ, ಶುಕ್ರವಾರ, ಕಾಫಿ ಬಂದಾಗ ಟೀಚರ್ ಬೆಲ್ಲಿನ ಫೋನಿನಲ್ಲೇ ಹೇಳಿದರು:

"ಚೋಂಗ್, ಹಳೇ ನಂಬರ್ ಸಾಕು, ದರಿದ್ರ. ರಾತ್ರಿ ಯಜಮಾನ್ರು ಕನಸಲ್ಲಿ ಬಂದು ಏಳು ಸೊನ್ನೆ ಐದು ಒಂದು ಅಂದ್ರು. ಇನ್ಮೇಲೆ ನನ್ನ ನಂಬರು ಅದೇ. ಯಾರಿಗೂ ಹೇಳ್ಬೇಡ."

"ಹೇಳಲ್ಲ ಟೀಚರ್. ಕಳ್ಳತನದ ವಿಷಯ ಕೇಳಿ ಬೇಜಾರಾಯ್ತು."

"ಬೇಜಾರ್ಯಾಕೆ? ಕಳ್ಳ ಪೆದ್ದ! ಅಕ್ಕಿ ಡಬ್ಬೀಲಿದ್ದ ಚಿನ್ನ ಮುಟ್ಟೇ ಇಲ್ಲ. ಹಿರಿಯರ ಹಬ್ಬ ಅಲ್ವಾ, ನಾಳೆ ಅಪ್ಪನ ಸಮಾಧಿ ಗುಡಿಸೋಕೆ ತೈಪಿಂಗ್‌ಗೆ ಹೋಗ್ತೀನಿ, ಕಾಫಿ ಬೇಡ."

ಶನಿವಾರ ಬೆಳಿಗ್ಗೆ ಟೀಚರ್ ಪೊರಕೆ, ಹಣ್ಣು, ಊದುಬತ್ತಿ ಸಮೇತ ಬೀದಿಯೆಲ್ಲ ನೋಡುವಂತೆ ಟ್ಯಾಕ್ಸಿ ಹತ್ತಿದರು. ಹಾಜಿ ರಮ್ಲಿಯ ಅಡುಗೆಮನೆಯಲ್ಲಿ ಜುಬೈದಾ, ಗುಣಾ, ಕಸ್ತೂರಿ ಕಾದು ಕುಳಿತರು. ಹಾಜಿಯವರ ಹೆಂಡತಿ ಹಬ್ಬದಲ್ಲಿ ಉಳಿದ ಬಿಸ್ಕತ್ತಿನ ಡಬ್ಬಿಗಳನ್ನು ಒಂದೊಂದಾಗಿ ಖಾಲಿ ಮಾಡಿಸುತ್ತಿದ್ದರು.

"ಬರದೇ ಹೋದ್ರೆ ಮೇಡಂ?" ಎಂದ ಗುಣಾ, ಬಾಯಿ ತುಂಬ ಅನಾನಸ್ ಬಿಸ್ಕತ್ತು.

"ಬರದೇ ಹೋದ್ರೆ ಸೋಮವಾರ ಕಸ್ತೂರಿ ಲಾಕಪ್ಪಿಗೆ, ನಾನು ಟ್ರಾಫಿಕ್ಕಿಗೆ. ನೀವು ಹಾಜಿಯವರ ಮನೇಲೇ ಇರಿ."

ಹನ್ನೊಂದು ದಾಟಿತ್ತು. ಫೋನು ನಡುಗಿತು. ಮೊದಲು ಹಳೇ ನಂಬರು: ತಪ್ಪು. ಒಂದು ನಿಮಿಷ ಏನೂ ಇಲ್ಲ. ಕಸ್ತೂರಿ ಉಗುರು ಕಚ್ಚಿದಳು. ಮತ್ತೆ ನಡುಗಿತು. ಏಳು, ಸೊನ್ನೆ, ಐದು, ಒಂದು.

ಗುಣಾ ಮುಂದಿನಿಂದ, ಜುಬೈದಾ ಹಿಂದಿನಿಂದ ಒಳಗೆ ನುಗ್ಗಿದರು. ಅಂಕಲ್ ಚೋಂಗ್ ಮೊಣಕೈವರೆಗೆ ಅಕ್ಕಿ ಡಬ್ಬಿಯೊಳಗಿದ್ದ.

"ಅಂಕಲ್, ಅಕ್ಕಿಯಲ್ಲಿ ಕಲ್ಲು ಹುಡುಕ್ತಿದ್ದೀರಾ?"

ಅವನು ಕೈ ತೆಗೆಯಲೂ ಇಲ್ಲ.

"ಈ ನಂಬರು ನಿಮಗೆ ಯಾರು ಕೊಟ್ಟಿದ್ದು?"

"ಟೀಚರ್."

"ಬೇರೆ ಯಾರಿಗಾದ್ರೂ ಗೊತ್ತಾ?"

"ಇಲ್ಲ. ನಾನು ಯಾರಿಗೂ ಹೇಳಲ್ಲ," ಎಂದ. ಆ ಮಾತಿನಲ್ಲಿ ಆಗಲೂ ಸ್ವಲ್ಪ ಹೆಮ್ಮೆಯಿತ್ತು.

ಓಣಿಯಲ್ಲಿ ನಿಂತಿದ್ದ ಕಸ್ತೂರಿ ತನ್ನ ಫೋನಿನ ಕೆಂಪು ಗುಂಡಿ ಒತ್ತಿದಳು. ಎರಡು ತಿಂಗಳು ಮೌನವ್ರತ ಹಿಡಿದಿದ್ದ ಸೈರನ್ ಬಾಕಿಯೆಲ್ಲ ತೀರಿಸುವ ಹಾಗೆ ಅರಚಿತು. ಬೀದಿಗೆ ಬೀದಿಯೇ ಚಪ್ಪಲಿ ಅದಲುಬದಲು ಹಾಕಿಕೊಂಡು ಓಡಿಬಂತು. ಕೈಕೋಳ ತೊಟ್ಟ ಕಾಫಿ ಅಂಕಲ್‌ನನ್ನು ನೋಡಿ ಬಾಯಿ ಮುಚ್ಚಿತು. ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. 'ಕಳ್ಳಿ' ಎಂದು ಬರೆದವರೇ ಬಕೆಟ್ ತಂದು ವ್ಯಾನ್ ತೊಳೆದರು.

"ಕಸ್ತೂರೀ, ನಮ್ಮನೆಗೆ ಆರಂಕಿ ಹಾಕಮ್ಮಾ!"

"ಆಂಟಿ, ಆರು ನೆನಪಿರಲ್ಲ ಅಂದಿದ್ರಲ್ಲ?"

"ಈಗ ಸಾಯೋವರೆಗೂ ನೆನಪಿರತ್ತೆ!"

ಕಾಫಿ ಅಂಗಡಿಯ ಹಿಂದೆ, ಹಾಲಿನ ಡಬ್ಬಗಳ ಪೆಟ್ಟಿಗೆಯಲ್ಲಿ ಪಚ್ಚೆ ಬಳೆ, ಸರ, ಉಳಿದೆರಡು ಮನೆಗಳ ಒಡವೆ ಎಲ್ಲ ಸಿಕ್ಕವು. ಒಂದೂ ಮಾರಿರಲಿಲ್ಲ. ಜಿಲ್ಲಾ ಕಚೇರಿಯಿಂದ ಅಭಿನಂದನೆಯ ಫೋನ್ ಬಂತು. ಜುಬೈದಾ ಸ್ಪೀಕರ್ ಹಾಕಿ, ಠಾಣೆಗೆಲ್ಲ ಕೇಳಿಸುವ ಹಾಗೆ, ಮೂರು ಸಲ "ಏನಂದ್ರಿ ಸರ್?" ಎಂದಳು. ಭಾನುವಾರ ಬೀದಿಯವರೆಲ್ಲ ಏಳು ಸೊನ್ನೆ ಐದು ಒಂದಕ್ಕೆ ಕಟ್ಟಿದರು. ತಾವೇ ಕ್ಯೂನಲ್ಲಿ ನಿಂತು. ಟೀಚರೂ ನಿಂತಿದ್ದರು, ಕಪ್ಪು ಕನ್ನಡಕ ಹಾಕಿಕೊಂಡು.

ಹೇಳಿಕೆ ದಾಖಲಿಸುವಾಗ ಜುಬೈದಾ ಕೇಳಿದ ಕೊನೆಯ ಪ್ರಶ್ನೆ: "ಯಾಕೆ?"

ಚೋಂಗ್ ಬೆರಳು ನೋಡಿಕೊಳ್ಳುತ್ತ ಹೇಳಿದ:

"ಮೊದಲೆಲ್ಲ ಹಿಂಬಾಗಿಲು ತೆಗೆದೇ ಇರ್ತಿತ್ತು ಮೇಡಂ. ಕಾಫಿ ಮೇಜಿನ ಮೇಲಿಟ್ಟು ಕೂತ್ಕೋತಿದ್ದೆ. ಟೀಚರ್ ಕನಸು ಹೇಳೋರು, ನಂಬರ್ ಹೇಳೋರು. ಅಲಾರಂ ಬಂದ ಮೇಲೆ ಗೇಟಿಗೆ ಸಿಗಿಸಿ ಹೋಗು ಅಂತಾರೆ. ಬೀದಿಯವರ ಮುಖವೇ ನೋಡಿಲ್ಲ ನಾನು. ಒಂದಿನ ಸುಮ್ನೆ, ಬೀಳತ್ತೋ ನೋಡೋಣ ಅಂತ ಟೀಚರ್ ನಂಬರ್ ಒತ್ತಿದೆ. ಹಸಿರು ದೀಪ ಬಂತು. ಆ ಮೆಷಿನ್ನು 'ಮನೆಗೆ ಸ್ವಾಗತ' ಅಂತು. ಎರಡು ತಿಂಗಳಲ್ಲಿ ನನಗೆ ಆ ಮಾತು ಹೇಳಿದ್ದು ಅದೊಂದೇ."

ಜುಬೈದಾ ಅದನ್ನು ಹೇಳಿದ ಹಾಗೇ ಬರೆದುಕೊಂಡಳು.

ಸೋಮವಾರ ಕಸ್ತೂರಿ ಮೂರು-ಎ ಮನೆಯಲ್ಲಿ ಹೊಸ ಆರಂಕಿ ಕೂರಿಸುತ್ತಿದ್ದಾಗ ಟೀಚರ್ ಒಂದೇ ಒಂದು ಬದಲಾವಣೆ ಕೇಳಿದರಂತೆ: "ಬೆಳಿಗ್ಗೆ ಕಾಫಿ ಬರೋ ಹೊತ್ತಲ್ಲಿ ಒಂದು ತಾಸು ಹಿಂಬಾಗಿಲಿಗೆ ಅಲಾರಂ ಬೇಡಮ್ಮ. ಆಗ ನಾನೇ ಅಲ್ಲಿ ಕೂತಿರ್ತೀನಿ."