ಎರಡೂ ಮನೆಯವರು ಮುಚ್ಚಿಟ್ಟದ್ದು

ಬಸವನ ಬಾಗೇವಾಡಿಯ ಆರೋಗ್ಯ ತಪಾಸಣಾ ಶಿಬಿರದಲ್ಲಿ ಶ್ರೀಶೈಲನನ್ನು ಕಂಡದ್ದೇ ಜಯಮಾಲಾ ನಡೆಯುತ್ತಿದ್ದವಳು ತಟ್ಟನೆ ನಿಂತಳು. ಪಕ್ಕದಲ್ಲಿ ತಮ್ಮ ಚೇತನಕುಮಾರ ನಿಂತಿದ್ದ. ಡೌನ್ ಸಿಂಡ್ರೋಮ್ ಇರುವ ಇಪ್ಪತ್ತೆರಡರ ಈ ತಮ್ಮನ ಥೈರಾಯ್ಡ್ ಪರೀಕ್ಷೆಗೆಂದು ಅವಳು ಮೋರಟಗಿಯಿಂದ ಬಂದಿದ್ದಳು.

ತಿಂಗಳ ಹಿಂದೆ ಶ್ರೀಶೈಲ ನಿಡಗುಂದಿಯಿಂದ ಕನ್ಯೆ ನೋಡಲು ಬಂದಾಗ ಅವ್ವ ಚೇತನನನ್ನು ಅತ್ತೆಯ ಮನೆಗೆ ಕಳಿಸಿಬಿಟ್ಟಿದ್ದಳು. ಅವನನ್ನು ಕಂಡೇ ಎರಡು ಸಂಬಂಧ ಮುರಿದಿದ್ದವು. ಆಮೇಲೆ ದಿನಾ ಫೋನು, ದಿನಾ ನಗು. ತಮ್ಮನ ವಿಷಯ ಹೇಳಬೇಕೆಂದಾಗಲೆಲ್ಲ ಜಯಮಾಲಾ ಮಾತು ಬದಲಿಸುತ್ತಿದ್ದಳು. ಅಷ್ಟರಲ್ಲಿ ಈ ಮನುಷ್ಯ ಅವಳಿಗೆ ಬೇಕೇ ಬೇಕು ಅನಿಸಿಬಿಟ್ಟಿದ್ದ.

ಅವನೇ ಹತ್ತಿರ ಬಂದ. ಮುಖ ಬಿಳಚಿಕೊಂಡಿತ್ತು.

"ನೀವಿಲ್ಲೆ?"

"ಇಂವ ನನ್ನ ತಮ್ಮರಿ," ಒಂದೇ ಉಸಿರಿನಲ್ಲಿ ಅಂದಳು. "ನಿಮ್ಮ ಮುಂದ ಮುಚ್ಚಿಟ್ವಿ, ತಪ್ಪಾತು. ಆದ್ರ ಇಂವನ್ನ ಬಿಟ್ಟು ನಾ ಬರಂಗಿಲ್ಲ. ಬ್ಯಾಡ ಅನ್ನೂದಿದ್ರ ಈಗ ಅಂದ್ಬಿಡ್ರಿ."

ಶ್ರೀಶೈಲ ಹಿಂದೆ ತಿರುಗಿ, "ದಾನವ್ವಾ, ಬಾ ಇಲ್ಲೆ," ಎಂದು ಕರೆದ. ಹಳದಿ ಚೂಡಿದಾರದ ಯುವತಿಯೊಬ್ಬಳು ಬಂದಳು. ಚೇತನನದೇ ಕಣ್ಣು, ಅವನದೇ ಪುಟ್ಟ ಮೂಗು.

"ನನ್ನ ತಂಗಿ ದಾನೇಶ್ವರಿ. ನಿಮ್ಮವರು ಮನಿ ನೋಡಾಕ ಬಂದಾಗ ನಾವೂ ಈಕಿನ್ನ ಬಾಜೂ ಮನ್ಯಾಗ ಕುಂದರ್ಸಿದ್ವಿ."

"ಅಂದ್ರ ನೀವೂ ಕಳ್ಳರೇನ್ರಿ?"

"ನಿಮಗ ಜೋಡಿ ಆಗೂ ಅಷ್ಟು." ಓರೆಗಣ್ಣಿನಿಂದ ನೋಡಿದ. ಅವಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು.

ಅತ್ತ ದಾನೇಶ್ವರಿ ಚೇತನನನ್ನು ಕೇಳುತ್ತಿದ್ದಳು, "ಸೂಜಿ ಅಂದ್ರ ಅಂಜ್ತೀ?"

"ಹೂಂ."

"ನಾ ಅಂಜಂಗಿಲ್ಲ, ನೋಡು." ಅವಳೇ ಮೊದಲು ನರ್ಸಿನ ಮುಂದೆ ತೋಳು ಚಾಚಿ ಕೂತಳು. ಚೇತನನೂ ಅಂಗಿಯ ತೋಳು ಮಡಚಿಕೊಂಡು ಸಾಲಿಗೆ ನಿಂತ.

"ಇಲ್ಲೆ ಇಂಥಾ ಮಕ್ಕಳ ಪಾಲಕರ ಸಂಘಕ್ಕ ಪ್ರತಿ ತಿಂಗಳಾ ನಾನೂ ದಾನವ್ವನೂ ಇಬ್ಬರ ಬರ್ತಿದ್ವಿ," ಅಂದ ಶ್ರೀಶೈಲ, ದನಿ ತಗ್ಗಿಸಿ. "ಇನ್ನ ಮ್ಯಾಲ ನಾಕು ಮಂದಿ ಬರೂಣು. ನನಗ ನೀವು ಬೇಕ್ರಿ. ಚೇತನನ್ನೂ ಕೂಡಿ."

ಜಯಮಾಲಾ ಅವನ ಕೈಬೆರಳು ಹಿಡಿದಳು. ಸಾಲಿನಲ್ಲಿದ್ದವರೆಲ್ಲ ನೋಡಿದರು, ಅವಳು ಬಿಡಲಿಲ್ಲ.

ಸಕ್ಕರೆ ಹಾಕಿ ಮಾತು ಗಟ್ಟಿ ಮಾಡುವ ದಿನ ಮೋರಟಗಿಯ ಪಡಸಾಲೆ ತುಂಬಿತ್ತು. "ಅವರಿಬ್ಬರನ್ನ ಒಳಗ ಕುಂದರ್ಸ್ರಿ, ಮಂದಿ ನೋಡ್ತಾರ," ಎಂದು ಹಿರಿಯರೊಬ್ಬರು ಚೇತನ, ದಾನೇಶ್ವರಿಯರತ್ತ ನೋಡಿ ಪಿಸುಗುಟ್ಟಿದರು.

ಜಯಮಾಲಾ ತಲೆ ಎತ್ತಿದಳು. "ನೋಡ್ಲಿ ಅಂತನ ಕರದೇವ್ರಿ."

ಶ್ರೀಶೈಲ ಸರಿದು ಚೇತನನಿಗೆ ಪಕ್ಕದಲ್ಲೇ ಜಾಗ ಮಾಡಿದ. ದಾನೇಶ್ವರಿ ತಟ್ಟೆ ಹಿಡಿದು ಬಂದು, ಅತ್ತಿಗೆಯಾಗಲಿರುವ ಜಯಮಾಲಾಳ ಬಾಯಿಗೆ ಸಕ್ಕರೆ ಹಾಕಿ, ಎಲ್ಲರಿಗೂ ಕೇಳುವಂತೆ "ನಮ್ಮ ವೈನಿ!" ಎಂದಳು.

ಮೊದಲು ಚಪ್ಪಾಳೆ ತಟ್ಟಿದವಳು ಜಯಮಾಲಾಳ ಅವ್ವ.