ಬ್ರೇಕ್ ಇರಬೇಕಾದ ಜಾಗ ಖಾಲಿ

ಗೂಳಿಯ ಕೈ ನನ್ನ ಜಡೆಗೆ ಬಿತ್ತು!

ಎಳೆದ. ಮೆಟ್ಟಿಲ ಮೇಲೆ ಹಿಂದಕ್ಕೆ ವಾಲಿದೆ. ಬಿದ್ದರೆ ತಲೆ ಎರಡು ಹೋಳು. ಕೈಯಲ್ಲಿ ಟೀ ಫ್ಲಾಸ್ಕ್ ಇತ್ತು. ಸ್ಟೀಲಿಂದು, ಭಾರದ್ದು. ತಿರುಗಿ ಬೀಸಿದೆ.

"ಅಯ್ಯಮ್ಮಾ...!"

ಜಡೆ ಬಿಟ್ಟ. ನನಗೆ ಅಷ್ಟು ಸಾಕಿತ್ತು.

ಓಡಿದೆ. ಕೆಳಗಲ್ಲ, ಮೇಲಕ್ಕೆ! ಕೆಳಗೆ ಗೇಟಿನಲ್ಲಿ ಅವನ ಕಡೆಯವರು ನಿಂತಿದ್ದರು. ಮೇಲಿನ ಅಂತಸ್ತಿನಲ್ಲಿ ಟೆಸ್ಟ್ ರೂಮಿನ ಬಾಗಿಲು ತೆರೆದಿತ್ತು. ನುಗ್ಗಿದೆ. ಚಿಲಕ ಹಾಕಿದೆ. ಮೂಲೆಯಲ್ಲಿದ್ದ ಕಬ್ಬಿಣದ ಬೀರುವನ್ನು ಬಾಗಿಲಿಗೆ ಅಡ್ಡ ತಳ್ಳಿದೆ. ನನ್ನ ವಯಸ್ಸಿಗೆ ಮಾಡುವ ಕೆಲಸವಲ್ಲ ಅದು. ಸೊಂಟ ಹಿಡಿದುಕೊಂಡಿತು.

ಧಡ್! ಧಡ್!

"ಅಕ್ಕಾ, ಬಾಗಿಲು ತೆಗೀರಿ."

"ತೆಗೆಯಲ್ಲ ಕಣೋ."

"ಮ್ಯಾನೇಜರ್ರು ಸುಮ್ನೆ ಮಾತಾಡ್ಬೇಕಂತೆ. ಅಷ್ಟೇ."

"ಮಾತಾಡೋಕೆ ಜಡೆ ಯಾಕೋ ಹಿಡೀತೀಯಾ?"

ಯೋಚನೆ ಮಾಡುತ್ತಿದ್ದ. ಗೂಳಿ ಕಂಪನಿಯ ಸೆಕ್ಯೂರಿಟಿ ಮುಖ್ಯಸ್ಥ. ಅವನು ಯೋಚನೆ ಮಾಡಿ ಮುಗಿಸುವಷ್ಟರಲ್ಲಿ ಒಂದು ಊಟ ಮುಗಿಸಬಹುದು.

"ಒಡೀತೀನಿ!" ಎಂದ ಕೊನೆಗೆ.

"ಒಡಿ. ಬಾಗಿಲು ಕಂಪನಿದು. ನಮ್ಮಪ್ಪಂದಲ್ಲ."

ನಾನು ಯಾರು ಅಂತ ಹೇಳಲಿಲ್ಲ, ಅಲ್ವಾ? ಕೋಡ್ ರಿಪೇರಿ ಮಾಡುವವಳು. ಯಾರೋ ಬರೆದು ಬಿಟ್ಟುಹೋದ ಪ್ರೋಗ್ರಾಮನ್ನು ಹೊಸ ಯಂತ್ರಕ್ಕೆ ಹೊಂದಿಸಿ ಕೊಡುವುದು ನನ್ನ ಹೊಟ್ಟೆಪಾಡು. ಎಲ್ಲೂ ಕಾಯಂ ಅಲ್ಲ. ಕೆಲಸ ಮುಗಿದ ದಿನ ಗೇಟಿನಲ್ಲಿ ಕಾರ್ಡ್ ವಾಪಸ್ ಕೊಟ್ಟು ಹೊರಡುತ್ತೇನೆ. ಬಾಗಿಲವರೆಗೆ ಬಂದು ಕಳಿಸಿಕೊಟ್ಟವರು ಇಲ್ಲಿಯವರೆಗೆ ಯಾರೂ ಇಲ್ಲ. ಹೋದಲ್ಲೆಲ್ಲ ಎಲ್ಲರಿಗೂ ನಾನು ಅಕ್ಕ. ಒಡಹುಟ್ಟಿದ ತಮ್ಮ ಒಬ್ಬನಿದ್ದಾನೆ. ಅವನೊಬ್ಬ ಹಾಗೆ ಕರೆಯುವುದಿಲ್ಲ.

ಅವನಿಗೋಸ್ಕರವೇ ಈ ಓಟ.

ಈ ಕಂಪನಿ ಗಣಿಗಳಿಗೆ ಕಂಟ್ರೋಲರ್ ಮಾಡಿ ಕೊಡುತ್ತದೆ. ಆಳುಗಳನ್ನು ನೆಲದೊಳಗೆ ಇಳಿಸುವ ಕೇಜ್ ಇರುತ್ತದಲ್ಲ, ಕಬ್ಬಿಣದ ಪಂಜರ, ಅದನ್ನು ಏರಿಸಿ ಇಳಿಸುವ ಯಂತ್ರದ ಮೆದುಳು. ಎಲ್ಲ ಗಣಿಗೂ ಕೋಡ್ ಒಂದೇ. ಆದರೆ ಗಣಿಗೊಂದು ಯಂತ್ರ, ಯಂತ್ರಕ್ಕೊಂದು ಕಂಪೈಲರ್. ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವುದು ಈ ಕಂಪೈಲರ್. ಒಂದಕ್ಕೆ ಹಿಡಿಸಿದ ಮಾತು ಇನ್ನೊಂದಕ್ಕೆ ಹಿಡಿಸುವುದಿಲ್ಲ. ಒಂದೇ ಅಡುಗೆಮನೆಯ ಓರಗಿತ್ತಿಯರ ಹಾಗೆ.

ಅದಕ್ಕೇ ಮ್ಯಾಕ್ರೋ ಬರೆಯುತ್ತಾರೆ. "ನೀನು ಮೊದಲನೇ ಕಂಪೈಲರ್ರಾ? ಈ ಸಾಲು ತಗೋ. ಎರಡನೆಯದಾ? ನಿನಗೆ ಆ ಸಾಲು." ಕಂಪೈಲರ್ ಕಣ್ಣಿಗೆ ಬೀಳುವ ಮೊದಲೇ ಪ್ರಿಪ್ರೊಸೆಸರ್ ಎಂಬ ಪುಣ್ಯಾತ್ಮ ಕತ್ತರಿ ಹಿಡಿದು ಬರುತ್ತಾನೆ. ಬೇಕಾದದ್ದು ಉಳಿಸುತ್ತಾನೆ. ಮಿಕ್ಕದ್ದು ಕಟ್! ಹಾಗೊಂದು ಸಾಲು ಇತ್ತು ಎಂಬುದೂ ಕಂಪೈಲರ್‌ಗೆ ತಿಳಿಯುವುದಿಲ್ಲ.

ಚೆಂದದ ಉಪಾಯ. ಒಂದೇ ಒಂದು ಷರತ್ತು. ಕೊನೆಯಲ್ಲಿ ಒಂದು 'ಎಲ್ಸ್' ಇರಬೇಕು, ಅಂದರೆ 'ಇವ್ಯಾವುದೂ ಅಲ್ಲದಿದ್ದರೆ' ಅಂತ, ಅದರಡಿ ಒಂದು 'ಎರರ್' ಇರಬೇಕು. ಗುರುತಿಲ್ಲದ ಕಂಪೈಲರ್ ಬಂದರೆ ಅಲ್ಲೇ ನಿಲ್ಲಿಸಿ ಕೂಗುವ ಸಾಲು ಅದು. ಈ ಕೋಡ್ ಬರೆದವರು ಅದನ್ನು ಹಾಕಿದ್ದರು. ಬುದ್ಧಿವಂತರು!

ಬೆಳಿಗ್ಗೆ ನಾನು ನೋಡಿದಾಗ ಆ ಸಾಲು ಇರಲಿಲ್ಲ.

ನನಗೆ ಕೊಟ್ಟದ್ದು ಇನ್ಯಾವುದೋ ಗಣಿಯ ಕೆಲಸ. ಅಭ್ಯಾಸಬಲ, ಪ್ರಿಪ್ರೊಸೆಸರ್ ಕತ್ತರಿಸಿ ಉಳಿಸಿದ್ದೇನು ಅಂತ ತೆಗೆದು ನೋಡಿದೆ. ಬ್ರೇಕಿನ ಫಂಕ್ಷನ್... ಕೇಜ್ ವೇಗ ಮೀರಿದರೆ ಹಿಡಿದು ನಿಲ್ಲಿಸುವ ಕೋಡಿನ ತುಂಡು... ಬ್ರ್ಯಾಕೆಟ್ ತೆರೆದಿತ್ತು. ಬ್ರ್ಯಾಕೆಟ್ ಮುಚ್ಚಿತ್ತು. ನಡುವೆ ಏನೂ ಇಲ್ಲ!

ಕಂಪನಿಗೆ ಒಂದು ಹೊಸ ಕಂಪೈಲರ್ ಬಂದಿತ್ತು. ಅದು ಮೊದಲನೆಯದೂ ಅಲ್ಲ, ಎರಡನೆಯದೂ ಅಲ್ಲ. ಎರಡು ಸಾಲೂ ಕಟ್. ಕೂಗಬೇಕಾದ ಸಾಲನ್ನು ಯಾರೋ ಅಳಿಸಿದ್ದರು. ಹಾಗಾಗಿ ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಖಾಲಿ ಕೇಜ್ ಮೆಲ್ಲಗೆ ಇಳಿಸಿ ಏರಿಸಿ ಟೆಸ್ಟ್ ಪಾಸ್ ಮಾಡಿದ್ದರು. ಅದು ವೇಗ ಮೀರಲೇ ಇಲ್ಲ. ಬ್ರೇಕ್ ಇಲ್ಲ ಅಂತ ಯಾರಿಗೆ ಗೊತ್ತಾಗಬೇಕು?

ಮ್ಯಾನೇಜರ್ ಕ್ಯಾಬಿನ್ನಿಗೆ ಹೋದೆ. ದುಂಡಗಿನ ಮನುಷ್ಯ, ಸಣ್ಣ ದನಿ.

"ಎರರ್ ಸಾಲು ಅಳಿಸಿದ್ದು ಯಾರು ಸಾರ್?"

"ನಾನೇ. ಅದು ಕಂಪೈಲ್ ಆಗೋಕೆ ಬಿಡ್ತಿರ್ಲಿಲ್ಲ."

"ಬಿಡಬಾರದು ಅಂತಾನೇ ಅಲ್ವಾ ಅದನ್ನ ಹಾಕಿದ್ದು?"

"ಈಗ ಕಂಪೈಲ್ ಆಗ್ತಿದೆಯಲ್ಲಾ ಮೇಡಂ!"

ಅವರ ಪ್ರಕಾರ ಕಂಪೈಲ್ ಆಯಿತು ಅಂದರೆ ಲೋಕ ಕಲ್ಯಾಣ ಆದಂತೆ.

"ಈ ಹೊಸ ಕಂಪೈಲರ್ ಯಾವ ಗಣಿಗೆ ಹೋಗಿದೆ?"

"ಬೆಟ್ಟದಾಚೆಗೆ. ಇವತ್ತು ಮಧ್ಯಾಹ್ನದ ಪಾಳಿಗೆ ಚಾಲೂ. ಅಲ್ಲಿನ ಎಂಜಿನಿಯರ್ ಒಬ್ಬ ಹಟಮಾರಿ. ನಾವು ಮಾಡಿದ ಫೈಲ್ ಬೇಡವಂತೆ. ನಮ್ಮ ಸರ್ವರ್‌ನಿಂದ ಕೋಡ್ ಇಳಿಸ್ಕೊಂಡು ತಾನೇ ಕಂಪೈಲ್ ಮಾಡ್ತಾನಂತೆ!"

ಆ ಹಟಮಾರಿ ನನ್ನ ತಮ್ಮ. ನಮ್ಮಪ್ಪ ಫಿಟ್ಟರ್ ಆಗಿದ್ದವರು. ಬೇರೆಯವನು ಬಿಗಿದ ನಟ್ಟನ್ನು ಇನ್ನೊಮ್ಮೆ ಬಿಗಿಯದೆ ಸ್ವಿಚ್ ಹಾಕುತ್ತಿರಲಿಲ್ಲ. ಮಗ ಅವರ ಪಡಿಯಚ್ಚು. ಮತ್ತೆ ಆ ಗಣಿಯಲ್ಲಿ ಒಂದು ಪದ್ಧತಿ ಇದೆ. ಹೊಸ ಯಂತ್ರಕ್ಕೆ ಸಹಿ ಹಾಕಿದವನೇ ಮೊದಲ ಕೇಜಿನಲ್ಲಿ ಆಳುಗಳ ಜೊತೆ ಇಳಿಯಬೇಕು.

"ಈಗಲೇ ನಿಲ್ಲಿಸಿ ಸಾರ್."

"ಒಂದು ವಾರ ಬಿಟ್ಟು ಮುಂದಿನ ವರ್ಷನ್‌ನಲ್ಲಿ ಸರಿ ಮಾಡೋಣ. ಗದ್ದಲ ಬೇಡ."

"ವಾರದೊಳಗೆ ಕೇಜ್ ಜಾರಿದ್ರೆ?"

ಅವರು ಗಂಟೆ ಒತ್ತಿದರು. ಗೂಳಿ ಬಂದ. ಮುಂದಿನದು ನಿಮಗೆ ಗೊತ್ತು.

ಧಡ್! ಚಿಲಕದ ಒಂದು ಸ್ಕ್ರೂ ಹಾರಿತು.

ಫೋನ್ ತೆಗೆದೆ. ತಮ್ಮನಿಗೆ ಮಾಡಿದೆ. ಬ್ಯುಸಿ... ಬ್ಯುಸಿ... ವರ್ಷಗಳಿಂದ ನನಗೆ ಅದೇ ಸದ್ದು. ಬ್ಲಾಕ್ ಮಾಡಿದ್ದಾನೆ. ಆಗ ಅವನು ನಡೆಸುತ್ತಿದ್ದ ವ್ಯಾಪಾರದ ಪಾಲುದಾರ ಕಳ್ಳ ಅಂತ ಒಮ್ಮೆ ಹೇಳಿದ್ದೆ, ನಾಲ್ಕು ಜನರ ಎದುರಿಗೆ. ನನ್ನ ಮಾತು ಸುಳ್ಳಾಗಿದ್ದರೆ ಕ್ಷಮಿಸುತ್ತಿದ್ದ. ನಿಜವಾಯಿತು. ನಿಜ ಹೇಳಿದ ಅಕ್ಕನನ್ನು ಕ್ಷಮಿಸುವುದು ಕಷ್ಟ.

ಗಣಿಯ ಆಫೀಸಿಗೆ ಮಾಡಿದೆ. ಗುಮಾಸ್ತ ಎತ್ತಿದ.

"ಎಂಜಿನಿಯರ್‌ನ ಕರೀರಿ. ಅರ್ಜೆಂಟ್!"

"ಸಾರ್ ಕೇಜ್ ಇಳಿಯೋ ಶಾಫ್ಟ್ ಹತ್ರ ಇದಾರೆ. ತಾವ್ಯಾರು?"

"ಅವರ ಅಕ್ಕ."

"ಸಾರ್‌ಗೆ ಅಕ್ಕ ಇಲ್ವಲ್ಲಾ!"

"ಇದಾಳೆ. ಕರೀರಿ ಮೊದಲು!"

"ಸಾರೇ ಹೇಳಿದಾರೆ ನಮಗೆ. ಹಿಂದೆ ಮುಂದೆ ಯಾರಿಲ್ಲ ಅಂತ. ಇಂಥ ಫೋನು ದಿನಾ ಬರ್ತವೆ, ಇಡಿ."

ಇಟ್ಟ.

ಆ ಗುಮಾಸ್ತನ ಮೇಲೆ ಸಿಟ್ಟು ಬರಲಿಲ್ಲ ಕಣ್ರೀ. ಗೂಳಿ ಜಡೆ ಎಳೆದಾಗಲೂ ಇಷ್ಟು ನೋವಾಗಿರಲಿಲ್ಲ. ಬದುಕಿರುವಾಗಲೇ ನನ್ನನ್ನು ತಮ್ಮ ಕತ್ತರಿಸಿ ಹಾಕಿದ್ದ. ಎರರ್ ಇಲ್ಲ, ವಾರ್ನಿಂಗ್ ಇಲ್ಲ.

ಎರರ್...!

ತಲೆಯಲ್ಲಿ ದೀಪ ಹತ್ತಿತು. ನನ್ನ ಫೋನ್ ಅವನು ಎತ್ತುವುದಿಲ್ಲ. ನನ್ನ ಪತ್ರ ಓದುವುದಿಲ್ಲ. ಆದರೆ ಕಂಪೈಲರ್ ಕೂಗಿದರೆ ಓದೇ ಓದುತ್ತಾನೆ, ಅಕ್ಷರ ಬಿಡದೆ ಓದುತ್ತಾನೆ. ಕೇಜ್ ಏರುವ ಮೊದಲು ಸರ್ವರ್‌ನಿಂದ ಕೋಡ್ ಇಳಿಸಿಕೊಳ್ಳುವವನು ಅವನೇ!

ಟೆಸ್ಟ್ ರೂಮಿನ ಕಂಪ್ಯೂಟರ್ ಚಾಲೂ ಇತ್ತು. ನನ್ನ ಲಾಗಿನ್ ಇನ್ನೂ ತೆಗೆದಿರಲಿಲ್ಲ. ಬ್ರೇಕಿನ ಫೈಲ್ ತೆರೆದೆ. ಖಾಲಿ ಜಾಗದಲ್ಲಿ ಎಲ್ಸ್ ಹಾಕಿದೆ. ಕೆಳಗೆ ಎರರ್ ಹಾಕಿದೆ. ಏನು ಬರೆಯಲಿ? ಇಷ್ಟು ವರ್ಷದ ಮೇಲೆ ತಮ್ಮನಿಗೆ ಹೇಳುವ ಮೊದಲ ಮಾತು.

ಬರೆದೆ:

"ಪುಟ್ಟಾ, ಬ್ರೇಕ್ ಫಂಕ್ಷನ್ ಖಾಲಿ ಇದೆ. ಪ್ರಿಪ್ರೊಸೆಸ್ ಮಾಡಿ ಕಣ್ಣಾರೆ ನೋಡು. ಕೇಜ್ ಹತ್ತಬೇಡ. ಆಮೇಲೆ ಬೇಕಾದಷ್ಟು ಬೈಯಿ."

ಸರ್ವರ್‌ಗೆ ಕಳಿಸಿದೆ. ಹೋಯಿತು!

ಬಾಗಿಲೂ ಹೋಯಿತು. ಬೀರು ಮಗುಚಿ ಬಿತ್ತು. ಗೂಳಿ ಒಳಗೆ ಬಂದ, ಮೂಗು ಬದನೆಕಾಯಿ ಆಗಿತ್ತು. ಹಿಂದೆ ಮ್ಯಾನೇಜರ್. ಸ್ಕ್ರೀನ್ ನೋಡಿದರು. ಮುಖ ಬಿಳಿಚಿಕೊಂಡಿತು.

"ಅಳಿಸಿ ಅದನ್ನ!"

"ಅಳಿಸೋದು ನಿಮ್ಮ ಹವ್ಯಾಸ ಸಾರ್. ನಂದಲ್ಲ."

ನನ್ನನ್ನು ತಳ್ಳಿ ಕೀಬೋರ್ಡಿಗೆ ಕೈ ಚಾಚಿದರು. ಫ್ಲಾಸ್ಕಿನ ಮುಚ್ಚಳ ತೆಗೆದು ಕೀಬೋರ್ಡಿನ ಮೇಲೆ ಸುರಿದೆ. ಬಿಸಿ ಟೀ, ಸಕ್ಕರೆ ಜಾಸ್ತಿ. ಚಟ್ ಅಂದಿತು, ಸ್ಕ್ರೀನ್ ಕಪ್ಪಾಯಿತು.

"ಹಿಡ್ಕೊಳೋ ಇವಳನ್ನ! ನಾನು ಕ್ಯಾಬಿನ್‌ನಿಂದ ಅಳಿಸ್ತೀನಿ!"

ಕ್ಯಾಬಿನ್ ತುತ್ತತುದಿಯ ಅಂತಸ್ತಿನಲ್ಲಿ. ಅವರು ಲಿಫ್ಟಿನ ಕಡೆ ಓಡಿದರು. ಗೂಳಿ ನನ್ನ ತೋಳು ತಿರುಚಿದ. ನಾನು ಅವನ ಮೊಣಕಾಲಿಗೆ ಒದ್ದೆ. ಕುಂಟಿದ. ಕಾರಿಡಾರಿಗೆ ಹಾರಿದೆ. ಗೋಡೆಯಲ್ಲಿ ಬೆಂಕಿ ಗಂಟೆಯ ಕೆಂಪು ಡಬ್ಬಿ. ಮೊಣಕೈಯಿಂದ ಗಾಜು ಒಡೆದೆ!

ಊಳಿಟ್ಟಿತು ಕಟ್ಟಡ. ಲಿಫ್ಟ್ ನಿಂತಿತು. ಎಲ್ಲ ಬಾಗಿಲೂ ತೆರೆದವು. ಜನ ದಬದಬ ಇಳಿಯತೊಡಗಿದರು. ಅವರ ನಡುವೆ ಏದುಸಿರು ಬಿಡುತ್ತ ಒಬ್ಬರೇ ಮೆಟ್ಟಿಲು ಹತ್ತುತ್ತಿದ್ದರು, ನಮ್ಮ ದುಂಡು ಮ್ಯಾನೇಜರ್.

ಗೂಳಿ ಮತ್ತೆ ನನ್ನನ್ನು ಹಿಡಿದ. ತೋಳು ಬೆನ್ನಿಗೆ ತಿರುಚಿ ಅವರ ಹಿಂದೆಯೇ ದಬ್ಬಿಕೊಂಡು ಹೋದ.

"ಅಕ್ಕಾ, ಮೇಲೆಲ್ಲಿಗೆ ಹೋಗ್ತೀರಾ? ಬೆಂಕಿಯಂತೆ, ಕೆಳಗೆ ಬನ್ನಿ!" ಎಂದರು ಇಳಿಯುವವರು. ಮೊಣಕೈಯಿಂದ ರಕ್ತ ಸುರಿಯುತ್ತಿತ್ತು. ತೋಳು ಯಾಕೆ ಹಿಂದಿದೆ ಅಂತ ಒಬ್ಬರಾದರೂ ಕೇಳಲಿಲ್ಲ. ಹಾಗೆ ಕೇಳುವಷ್ಟು ನಾನು ಯಾರಿಗೂ ಏನೂ ಆಗಿರಲಿಲ್ಲ.

ಕ್ಯಾಬಿನ್. ಮ್ಯಾನೇಜರ್ ಕುರ್ಚಿಗೆ ಬಿದ್ದರು. ಪಾಸ್‌ವರ್ಡ್ ತಪ್ಪಾಯಿತು. ಬೆವರು ಒರೆಸಿಕೊಂಡರು. ಮತ್ತೆ ತಪ್ಪು. ಆಮೇಲೆ ತೆರೆಯಿತು. ಫೈಲ್ ಬಂತು. ನನ್ನ ಸಾಲು ಬಂತು. ಅದರ ತುದಿಗೆ ಕರ್ಸರ್ ಇಟ್ಟರು...

ಅವರ ಫೋನ್ ರಿಂಗಾಯಿತು.

ಕೈ ಕೀಬೋರ್ಡಿನ ಮೇಲಿತ್ತು. ಸ್ಪೀಕರ್ ಒತ್ತಿದರು.

"ನಾನು ಗಣಿಯಿಂದ."

ತಮ್ಮನ ದನಿ! ದಪ್ಪವಾಗಿತ್ತು. ಅಪ್ಪನ ದನಿಯ ಹಾಗೇ ಆಗಿತ್ತು. ಮೇಜಿನ ಕಡೆ ನುಗ್ಗಿದೆ. ಗೂಳಿ ಹಿಂದಕ್ಕೆ ಎಳೆದ.

"ಹೇಳಿ ಸಾರ್, ಎಲ್ಲಾ ಸರಿ ಇದೆ ತಾನೇ?" ಎಂದರು ಮ್ಯಾನೇಜರ್, ಸಕ್ಕರೆಯ ದನಿಯಲ್ಲಿ.

"ಕಂಪೈಲ್ ಆಗ್ಲಿಲ್ಲ. ಒಂದು ಎರರ್ ಬಂತು."

"ಅಯ್ಯೋ, ಅದು ಯಾರೋ ತಲೆಕೆಟ್ಟ ಹೆಂಗಸು ಬರೆದಿದ್ದು. ಆ ಸಾಲು ತೆಗೆದ್ಬಿಡಿ, ಆಗತ್ತೆ."

"ಅವಳ ತಲೆ ಕೆಟ್ಟಿದ್ದು ನಾನು ನೋಡಿಲ್ಲ."

ಮ್ಯಾನೇಜರ್ ಕೀಬೋರ್ಡ್ ಬಿಟ್ಟು ಫೋನನ್ನು ಹತ್ತಿರಕ್ಕೆ ಎಳೆದುಕೊಂಡರು.

"ಪ್ರಿಪ್ರೊಸೆಸ್ ಮಾಡಿ ನೋಡಿದೆ. ಬ್ರೇಕ್ ಖಾಲಿ. ಎಲ್ಸ್ ಅಳಿಸಿದವರ ಹೆಸರೂ ಸರ್ವರ್‌ನಲ್ಲಿದೆ. ನಿಮ್ಮದು. ಕೇಜ್ ನಿಲ್ಸಿದೀನಿ. ಆಳುಗಳನ್ನ ವಾಪಸ್ ಕಳ್ಸಿದೀನಿ. ಗಣಿ ಇನ್ಸ್‌ಪೆಕ್ಟರ್‌ಗೆ ಫೋನ್ ಹೋಗಿದೆ."

ಗೂಳಿ ನನ್ನ ತೋಳು ಬಿಟ್ಟ. ಗಾಳಿ ಎತ್ತ ಬೀಸುತ್ತದೆ ಅನ್ನುವುದು ಮಾತ್ರ ಅವನಿಗೆ ಬೇಗ ತಿಳಿಯುತ್ತದೆ.

"ಆ ಹೆಂಗಸು ಅಲ್ಲೇ ಇದಾಳಾ?"

"ಇ... ಇದಾರೆ."

"ಯಾರಾದ್ರೂ ಕೈ ಮಾಡಿದ್ರಾ?"

ಮ್ಯಾನೇಜರ್ ನನ್ನ ಮೊಣಕೈ ನೋಡಿದರು. "ಇಲ್ಲಪ್ಪಾ... ಚೆನ್ನಾಗಿದಾರೆ."

ಫೋನಿನ ಆ ಕಡೆ ಉಸಿರಿನ ಸದ್ದು ಕೇಳುತ್ತಿತ್ತು. ನಾನು ಮೇಜಿನ ಮೇಲೆ ಬಾಗಿದೆ. ಪುಟ್ಟಾ ಅನ್ನಬೇಕು. ಊಟ ಆಯ್ತಾ ಅನ್ನಬೇಕು. ಏನಾದರೂ ಅನ್ನಬೇಕು! ಅವನೂ ಏನೋ ಹೇಳಲು ಹೊರಟ ಹಾಗಿತ್ತು.

ಲೈನ್ ಕಟ್ ಆಯಿತು.

ನನ್ನನ್ನು ಆಗಲೇ ಗೇಟಿನಾಚೆ ಹಾಕಿದರು. ಗೂಳಿಯೇ ಬಾಗಿಲವರೆಗೆ ಬಂದು ಕಾರ್ಡ್ ಕಿತ್ತುಕೊಂಡ. "ಮೂಗು ನೋಯ್ತಿದೆ ಅಕ್ಕಾ" ಎಂದ. "ಮಂಜುಗಡ್ಡೆ ಇಟ್ಕೋ" ಎಂದೆ. ಆ ದಿನ ನನ್ನ ಜೊತೆ ಮನೆಯವರ ಹಾಗೆ ಮಾತಾಡಿದವನು ಅವನೊಬ್ಬನೇ.

ಕೋಣೆಗೆ ಬಂದೆ. ಒಂದು ಕುರ್ಚಿ, ಒಂದು ತಟ್ಟೆ, ಒಂದು ಲೋಟ. ಗಾಯಕ್ಕೆ ಬಟ್ಟೆ ಕಟ್ಟಿಕೊಂಡೆ. ಎಡಗೈಯಲ್ಲಿ ಗಂಟು ಹಾಕಲು ಬರುವುದಿಲ್ಲ, ಹಲ್ಲಿನಿಂದ ಎಳೆದು ಕಟ್ಟಿದೆ. ಇನ್ನೊಂದು ಕೈ ಇರಬೇಕಿತ್ತು ಅನ್ನಿಸಿತು.

ಕೆಲವು ದಿನಗಳ ಮೇಲೆ ಒಂದು ಮೇಲ್ ಬಂತು. ಕೋಡ್ ಬದಲಾದಾಗೆಲ್ಲ ತಾನಾಗೇ ಬರುವ ಮೇಲ್. ಅದರಿಂದ ನನ್ನನ್ನು ತೆಗೆಯಲು ಕಂಪನಿಯಲ್ಲಿ ಯಾರಿಗೂ ನೆನಪಾಗಿರಲಿಲ್ಲ. ಮ್ಯಾನೇಜರ್ ಅಂತೂ ದೀರ್ಘ ರಜೆಯಲ್ಲಿದ್ದರು. ಕಂಪನಿ ಆ ಕೆಲಸವನ್ನು ಗಣಿಯವರಿಗೇ ಬಿಟ್ಟಿರಬೇಕು, ಬ್ರೇಕಿನ ಫೈಲ್ ತಿದ್ದಿದವನು ನನ್ನ ತಮ್ಮ. ಹೊಸ ಕಂಪೈಲರ್‌ಗೆ ಸರಿಯಾದ ಸಾಲು ಬರೆದಿದ್ದ, ಅಚ್ಚುಕಟ್ಟಾಗಿ. ನನ್ನ ಸಾಲು ಅಳಿಸಿದ್ದ. ಅದರ ಜಾಗದಲ್ಲಿ, ಎಲ್ಸ್ ಕೆಳಗೆ, ತನ್ನದೊಂದು ಎರರ್ ಬರೆದಿದ್ದ:

"ಈ ಕಂಪೈಲರ್ ಗುರುತಿಲ್ಲ. ಮುಂದೆ ಹೋಗಬೇಡಿ. ಮೊದಲು ನನ್ನ ಅಕ್ಕನನ್ನು ಕೇಳಿ."

ಪಕ್ಕದಲ್ಲಿ ನನ್ನ ಫೋನ್ ನಂಬರ್. ಒಂದು ಅಂಕಿಯೂ ತಪ್ಪಿರಲಿಲ್ಲ.

ಅತ್ತುಬಿಟ್ಟೆ ಅಂತ ಹೇಳಲಿಕ್ಕೆ ನಾಚಿಕೆ ಇಲ್ಲ ನನಗೆ. ಚೆನ್ನಾಗೇ ಅತ್ತೆ. ಗೋಡೆಯಾಚೆಯವರು ಟಿವಿ ಜೋರು ಮಾಡಿಕೊಂಡರು.

ಈಗ ಎಲ್ಲೋ ಯಾವನೋ ಒಬ್ಬ ಗುರುತಿಲ್ಲದ ಕಂಪೈಲರ್ ತರಬೇಕು. ಆಗ ನನ್ನ ಫೋನ್ ರಿಂಗಾಗುತ್ತದೆ. ನಾನು ತಮ್ಮನ ಹತ್ತಿರ ಕೇಳಿ ಹೇಳುತ್ತೇನೆ ಅನ್ನಬಹುದು. ಗಣಿಗೆ ಫೋನ್ ಮಾಡಬಹುದು. ಗುಮಾಸ್ತ ಈ ಸಲ ಕರೆಯಬಹುದು.

ಕಾಯುತ್ತಿದ್ದೇನೆ... ಹಾಳಾದ್ದು, ಕೋಡ್ ಎಲ್ಲಾ ಕಡೆ ಚೆನ್ನಾಗೇ ಓಡುತ್ತಿದೆ!